ಅಕ್ಕನ ವಕೀಲರು

ಟಿಕ್.

ನಡುರಾತ್ರಿ ಕಳೆದ ಮೇಲೆ ಮನೆಯಲ್ಲಿ ಯಾವ ಸದ್ದು ಯಾವುದರದ್ದು ಎಂದು ತಂಗಿಗೆ ಚೆನ್ನಾಗಿ ಗೊತ್ತಿತ್ತು. ಫ್ರಿಜ್ಜಿನ ಗೊಣಗಾಟ, ನಲ್ಲಿಯ ಹನಿ, ಕೆಳಗಿನ ಹೊಲಿಗೆ ಅಂಗಡಿಯ ಷಟರಿಗೆ ಗಾಳಿ ತಾಗಿದಾಗಿನ ಸಣ್ಣ ನಡುಕ. ಇದು ಅವು ಯಾವುದೂ ಅಲ್ಲ. ಇನ್ನೊಂದು ಸಲ ಟಿಕ್ ಎಂದಿತು. ಅವಳು ಎದ್ದು ಕೂತಳು. ನಿದ್ದೆಯಲ್ಲೂ ಒಂದು ಕಿವಿ ತೆರೆದಿಟ್ಟುಕೊಂಡೇ ಮಲಗುವ ಹೆಂಗಸು ಅವಳು. ಅದಕ್ಕೇ ಅಕ್ಕ ಅವಳನ್ನು ಚಿಕ್ಕಂದಿನಿಂದ ಇಲಿ ಎಂದು ಕರೆಯುತ್ತಿದ್ದಳು. ಈಗ ಹಾಗೆ ಕರೆಯಲು ಅಕ್ಕನಿಗೆ ನಾಲಿಗೆ ಹೊರಳುವುದಿಲ್ಲ.

ಪಕ್ಕದ ಕೋಣೆಯಲ್ಲಿ ಅಕ್ಕ ದಿಂಬಿಗೆ ಒರಗಿ ಎಚ್ಚರವಾಗಿದ್ದಳು. ಮಂಚಕ್ಕೆ ಸಿಕ್ಕಿಸಿದ್ದ ಟ್ಯಾಬಿನ ಬೆಳಕು ಮುಖಕ್ಕೆ ಬಿದ್ದಿತ್ತು. ಪರದೆಯ ಮೇಲೆ ಮೂರು ವಾಕ್ಯಗಳು. ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಜಾರುವ ನೀಲಿ ಚೌಕಟ್ಟು. ಎಡಗೈಯ ಹೆಬ್ಬೆರಳ ಕೆಳಗಿನ ಗುಂಡಿಯನ್ನು ಒತ್ತಿದರೆ, ಚೌಕಟ್ಟು ನಿಂತ ವಾಕ್ಯವನ್ನು ಟ್ಯಾಬು ಅಕ್ಕನ ಹಳೆಯ ದನಿಯಲ್ಲೇ ಹೇಳುತ್ತದೆ. ಈಗ ದನಿ ಆಫ್ ಆಗಿತ್ತು. ಅಕ್ಕ ಮೂರನ್ನೂ ಓದುತ್ತಿದ್ದಳು, ಬೇಡವೆಂದು ಗುಂಡಿಯನ್ನು ಟಿಕ್ ಎನ್ನಿಸಿ ಬೇರೆ ಮೂರನ್ನು ತರಿಸುತ್ತಿದ್ದಳು. ಬಟ್ಟೆ ಅಂಗಡಿಯಲ್ಲಿ ಥಾನಿನ ಮೇಲೆ ಥಾನು ಬಿಚ್ಚಿಸಿ ಏನೂ ಕೊಳ್ಳದೆ ಹೋಗುವ ಗಿರಾಕಿಯ ಹಾಗೆ.

ತಂಗಿ ಬಾಗಿಲಲ್ಲೇ ನಿಂತು ಪರದೆ ಓದಿದಳು.

'ಅವಸರವಿಲ್ಲ, ನಿನ್ನ ಅನುಕೂಲ ನೋಡಿಕೊಂಡು ಬಾ.'

'ಇಷ್ಟು ದಿನ ತಾಳಿಕೊಂಡಿದ್ದಕ್ಕೆ ಧನ್ಯವಾದ.'

'ನೋವಾಗಿದ್ದರೆ ಕ್ಷಮಿಸು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.'

ಕಾಲಡಿಯ ನೆಲ ತಣ್ಣಗೆ ಕೊರೆಯಿತು. ಈ ಮೂರೂ ವಾಕ್ಯಗಳ ಗುರುತು ಅವಳಿಗೆ ಸಿಕ್ಕಿತು. ಬರೆದವಳು ತಾನೇ.

ಆದದ್ದು ಹೀಗೆ. ಚಳಿಗಾಲದ ಆರಂಭದಲ್ಲಿ ಅಕ್ಕನಿಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ನಿಂತಿತು. "ಮಾತೆಲ್ಲ ತಲೆಯಲ್ಲಿ ಹಾಗೇ ಇದೆ ಮೇಡಂ, ಬಾಯಿಗೆ ಬರೋ ದಾರಿ ಮಾತ್ರ ಮುಚ್ಚಿದೆ," ಎಂದಳು ಸ್ಪೀಚ್ ಥೆರಪಿಸ್ಟ್ ಹುಡುಗಿ. ಅವಳೇ ಈ ಟ್ಯಾಬು ತಂದವಳು. ಎದುರಿನವರ ಮಾತನ್ನು ಕೇಳಿಸಿಕೊಂಡು, ಅದಕ್ಕೆ ಈ ವ್ಯಕ್ತಿ ಏನು ಉತ್ತರ ಕೊಡಬಹುದೆಂದು ಅದು ಊಹಿಸುತ್ತದೆ. ಚೆನ್ನಾಗಿ ಊಹಿಸಬೇಕಾದರೆ ಆ ವ್ಯಕ್ತಿ ಹಿಂದೆ ಬರೆದದ್ದನ್ನೆಲ್ಲ ಓದಿರಬೇಕು. "ಅವರ ಫೋನಿನ ಮೆಸೇಜುಗಳು ಎಷ್ಟಿವೆಯೋ ಅಷ್ಟೂ ಕೊಡಿ," ಎಂದಿದ್ದಳು. ತಂಗಿ ವರ್ಷಗಟ್ಟಲೆಯ ಮೆಸೇಜುಗಳನ್ನು ಒಂದೂ ಬಿಡದೆ ಕೊಟ್ಟಳು. ಏನಾದರೂ ಬಿಟ್ಟುಹೋದೀತೆಂದು ಎರಡೆರಡು ಸಲ ನೋಡಿದಳು. ಬಿಟ್ಟುಹೋಗಿದ್ದು ಒಂದೇ ವಿಷಯ: ಅಕ್ಕ ತನ್ನ ಜೀವಮಾನದಲ್ಲಿ ಒಂದು ಮೆಸೇಜನ್ನೂ ಟೈಪ್ ಮಾಡಿರಲಿಲ್ಲ.

ಅಕ್ಕ ಹೊಲಿಗೆಯಂತ್ರದ ಮುಂದಿನಿಂದ ಏಳದೆ ಫೋನನ್ನು ತಂಗಿಯತ್ತ ಎಸೆಯುತ್ತಿದ್ದಳು. "ಬರಿಯೇ ಇಲಿ. ಆ ಮನುಷ್ಯನಿಗೆ ಇರೋದು ಅದೊಂದೇ ಕೋಟಾ? ಕಾದ್ರೆ ಏನ್ ಗಂಟು ಹೋಗುತ್ತೆ ಕೇಳು." ತಂಗಿ ಬರೆಯುತ್ತಿದ್ದಳು: 'ನಿಮ್ಮ ಕೋಟು ಇನ್ನೆರಡು ದಿನ ತಡವಾಗುತ್ತದೆ. ನೋವಾಗಿದ್ದರೆ ಕ್ಷಮಿಸಿ. ಇಷ್ಟು ದಿನ ತಾಳಿಕೊಂಡಿದ್ದಕ್ಕೆ ಧನ್ಯವಾದ.' ಹೊರಗೆ, ಒಂದು ಪ್ರೆಸ್ಸಿನಲ್ಲಿ, ಅವಳ ಕೆಲಸವೂ ಅದೇ. ಔಷಧಿ ಡಬ್ಬಿಯೊಳಗಿನ ಚೀಟಿಗಳನ್ನು ಅಚ್ಚಿಗೆ ಮೊದಲು ತಿದ್ದುವುದು. ಒರಟು ಕಂಡಲ್ಲಿ ಕೈ ತಾನಾಗಿ ಉಜ್ಜುತ್ತಿತ್ತು. ಊರಿಗೆಲ್ಲ ಬಾಯಲ್ಲಿ ಕತ್ತರಿ ಎಂದು ಹೆಸರಾದ ಅಕ್ಕ, ಫೋನಿನೊಳಗೆ ಮಾತ್ರ ಬೆಣ್ಣೆಯಂಥ ಹೆಂಗಸು.

ಟ್ಯಾಬು ಕಲಿತದ್ದು ಆ ಬೆಣ್ಣೆಯ ಹೆಂಗಸನ್ನು.

ಶುರುವಿನಲ್ಲಿ ಎಲ್ಲರಿಗೂ ಮೋಜು. ಅಕ್ಕನ ಪರವಾಗಿ ಮಾತಾಡುವುದರಿಂದ ಅದಕ್ಕೆ ವಕೀಲರು ಎಂದು ಹೆಸರಾಯಿತು. ಬೆಳಿಗ್ಗೆ ಚಾರ್ಜರು ತೆಗೆಯುವಾಗ ತಂಗಿ, "ವಕೀಲರು ಎದ್ರು," ಎನ್ನುವಳು. ನೋಡಲು ಬಂದ ನೆರೆಯಾಕೆ, "ಕಾಯಿಲೆ ಬಂದ್ಮೇಲೆ ನಿಮ್ಮಕ್ಕ ಎಷ್ಟು ಮೆತ್ತಗಾಗಿದಾರೆ ನೋಡಿ," ಎಂದು ಕಣ್ಣೊರೆಸಿಕೊಂಡಿದ್ದಳು. ತಂಗಿಗೂ ಹಾಗೇ ಅನ್ನಿಸಿತ್ತು. ನಿಜವೋ ಅಲ್ಲವೋ ಎಂದು ಮುಖ ನೋಡಿ ತಿಳಿಯೋಣವೆಂದರೆ ಅಕ್ಕನ ಅರ್ಧ ಮುಖ ರಜೆಯಲ್ಲಿತ್ತು.

ಆದರೆ ಈ ಮಧ್ಯಾಹ್ನ ನಡೆದದ್ದು ಮೋಜಿನ ಮಾತಾಗಿರಲಿಲ್ಲ. ಅಕ್ಕನ ಮಗಳು ಬಂದಿದ್ದಳು. ಅಮ್ಮನ ಅಂಗಡಿಯಲ್ಲೇ ಕೆಲಸ ಕಲಿತವಳು; ಒಂದು ದಿನ ಗಿರಾಕಿಗಳ ಎದುರಿಗೇ "ನಿನ್ನ ಕೈಗೆ ಸೂಜಿ ಕೊಟ್ಟಿದ್ದೇ ನನ್ನ ತಪ್ಪು" ಎನ್ನಿಸಿಕೊಂಡು, ಟೇಪನ್ನು ಕತ್ತಿನಿಂದ ತೆಗೆದು ಮೇಜಿನ ಮೇಲಿಟ್ಟು ಹೋದವಳು. ಈಗ ದೊಡ್ಡ ಮಳಿಗೆಯೊಂದರಲ್ಲಿ ಸಿದ್ಧ ಉಡುಪುಗಳ ಉದ್ದ ಗಿಡ್ಡ ಮಾಡುವ ಕೌಂಟರು ನೋಡಿಕೊಳ್ಳುತ್ತಾಳೆ. ಕಾಯಿಲೆಯ ಸುದ್ದಿ ತಿಳಿದ ಮೇಲೆ ವಾರಕ್ಕೊಮ್ಮೆ ಬಂದು, ಹಣ್ಣಿಟ್ಟು, ಡಾಕ್ಟರರಂತೆ ನಾಲ್ಕು ಪ್ರಶ್ನೆ ಕೇಳಿ ಹೋಗುತ್ತಿದ್ದಳು. ಇವತ್ತು ಅದೇನನ್ನಿಸಿತೋ, "ಅಮ್ಮ, ಅವತ್ತು ನೀನು ಹಾಗಂದಿದ್ದು ನಂಗೆ ಇನ್ನೂ ನಿದ್ದೆಯಲ್ಲಿ ಕೇಳುತ್ತೆ," ಎಂದುಬಿಟ್ಟಳು.

ಚೌಕಟ್ಟು ಜಾರಿತು. ಅಕ್ಕ ಒತ್ತಿದಳು. ಅಕ್ಕನ ದನಿ ಕೋಣೆ ತುಂಬಿತು: "ನೋವಾಗಿದ್ದರೆ ಕ್ಷಮಿಸು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ."

ಮಗಳು ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಹೋಗುವಾಗ ಮೆಟ್ಟಿಲ ಮೇಲೆ ಚಿಕ್ಕಮ್ಮನನ್ನು ತಬ್ಬಿಕೊಂಡು, "ಸೋಮವಾರ ರಾಜೀನಾಮೆ ಕೊಡ್ತೀನಿ ಚಿಕ್ಕಮ್ಮ. ಅಂಗಡಿ ಮತ್ತೆ ತೆಗೆಯೋಣ. ಅಮ್ಮ ಪಕ್ಕದಲ್ಲಿ ಕೂತು ನೋಡ್ಕೊಂಡಿರಲಿ," ಎಂದಿದ್ದಳು.

ಕೋಟಿನ ಗಿರಾಕಿಗೆ ಬರೆದ ಮಾತು, 'ಕ್ಷಮಿಸಿ' ಹೋಗಿ 'ಕ್ಷಮಿಸು' ಆಗಿದೆ ಅಷ್ಟೇ. ಅದನ್ನು ನಂಬಿ ಹುಡುಗಿ ಕೈಯಲ್ಲಿದ್ದ ಕೆಲಸ ಬಿಡುತ್ತಿದ್ದಾಳೆ.

ಮರುದಿನ, ಶನಿವಾರ, ತಂಗಿ ಪ್ರೆಸ್ಸಿನ ಹಿಂದಿನ ಓಣಿಗೆ ಹೋಗಿ ಥೆರಪಿಸ್ಟ್ ಹುಡುಗಿಗೆ ಫೋನ್ ಮಾಡಿದಳು. ಪೂರ್ತಿ ಹೇಳುವ ಧೈರ್ಯವಾಗಲಿಲ್ಲ. "ಅಲ್ಲ, ಸುಮ್ನೆ ಕೇಳ್ತೀನಿ. ಒಬ್ಬರ ಫೋನಲ್ಲಿ ಇನ್ನೊಬ್ಬರು ಬರೆದಿದ್ದು ಸೇರಿಕೊಂಡಿದ್ರೆ?"

"ಅದಕ್ಕೆ ಬರೆದವರು ಯಾರು ಅಂತ ತಿಳಿಯಲ್ಲ ಮೇಡಂ. ಯಾವ ಮಾತಾದ್ಮೇಲೆ ಯಾವ ಮಾತು ಬರೋ ಸಾಧ್ಯತೆ ಜಾಸ್ತಿ, ಅಷ್ಟೇ ನೋಡುತ್ತೆ."

"ಹಂಗಾದ್ರೆ ಆಡಿದ ಮಾತು ಯಾರದು ಅನ್ಬೇಕು?"

ಹುಡುಗಿ ನಕ್ಕಳು. "ಅದಕ್ಕೆ ದೊಡ್ಡ ದೊಡ್ಡವರು ಇನ್ನೂ ಜಗಳ ಆಡ್ತಿದಾರೆ. ಒತ್ತಿದವರದ್ದು ಅಂತ ನಾವು ತಗೋತೀವಿ. ಆದ್ರೆ ಸುಸ್ತಾದವರು ಎದುರಿಗೆ ಬಂದಿದ್ದನ್ನ ಒತ್ತಿಬಿಡ್ತಾರೆ, ಅದೂ ಇದೆ. ಅನುಮಾನ ಇದ್ರೆ ಊಹೆ ಆಫ್ ಮಾಡಿ, ಅಕ್ಷರ ಅಕ್ಷರವಾಗಿ ಬರೆಯೋಕೆ ಹೇಳಿ. ನಿಧಾನ ಆಗುತ್ತೆ, ಆದ್ರೆ ಅವರದ್ದೇ ಬರುತ್ತೆ."

ಆ ಸಂಜೆ ತಂಗಿ ಅಕ್ಕನ ತಲೆ ಬಾಚಿದಳು, ಚಹಾ ಕುಡಿಸಿದಳು, ಬಾಯೊರೆಸಿದಳು, ಆಗಲೇ ಒರೆಸಿದ್ದ ಟ್ಯಾಬನ್ನು ಮತ್ತೆ ಒರೆಸಿದಳು. ಮಾಡಲು ಬೇರೇನೂ ಉಳಿಯದಾದಾಗ ಊಹೆಯನ್ನು ಆಫ್ ಮಾಡಿ ಅಕ್ಷರಗಳ ಸಾಲನ್ನು ತೆರೆದಳು.

"ಅಕ್ಕ, ಒಂದ್ ಮಾತು ಕೇಳ್ತೀನಿ. ನಿನ್ನೆ ಮಗಳಿಗೆ ಕ್ಷಮಿಸು ಅಂದ್ಯಲ್ಲ. ಅದು ನಿಂದಾ?"

ಅಕ್ಕ ಅವಳನ್ನೇ ನೋಡಿದಳು. ಹೆಬ್ಬೆರಳು ಕದಲಿತು. ಒಂದು ಅಕ್ಷರ, ಕಾಯುವುದು, ಇನ್ನೊಂದು ಅಕ್ಷರ.

'ಅಲ್ಲ'

ಅಕ್ಕ ನಿಲ್ಲಿಸಿರಲಿಲ್ಲ.

'ನಿಂದು'

"ನಿಂಗೆ ಗೊತ್ತಿತ್ತಾ?"

ಅಕ್ಕನ ಬಾಯಿಯ ಕೆಲಸ ಮಾಡುವ ಅರ್ಧ ಸ್ವಲ್ಪ ಮೇಲೆದ್ದಿತು. ಇನ್ನಷ್ಟು ಹೊತ್ತು ಹಿಡಿಯಿತು. 'ಮೆಸೇಜು ಓದಿ ಕೋಟಿನವನು ನಾನು ಒಳ್ಳೆಯವಳು ಅಂತ ಹಣ್ಣು ತಂದುಕೊಟ್ಟಿದ್ದ'

"ಅಯ್ಯೋ, ನಗಿಸಬೇಡ ಕಣೇ, ನಾನಿಲ್ಲಿ ಸಾಯ್ತಿದೀನಿ. ನಿಂದಲ್ಲ ಅಂದ್ಮೇಲೆ ಯಾಕೆ ಒತ್ತಿದೆ? ಸುಸ್ತಾಗಿತ್ತಾ? ಪಾಪ, ಅವಳು ಕೆಲಸ ಬಿಟ್ಟು ಬರ್ತಾಳೆ. ಬಂದ್ಮೇಲೆ ನೀನು ಮತ್ತೆ ಹಳೇ ಕತ್ತರಿ ತೆಗೆದ್ರೆ?"

ಕತ್ತರಿ ಎಂದು ಅಕ್ಕನ ಮುಖದ ಮೇಲೆ ಯಾರೂ ಯಾವತ್ತೂ ಅಂದಿರಲಿಲ್ಲ. ತಂಗಿ ನಾಲಿಗೆ ಕಚ್ಚಿಕೊಂಡಳು. ಅಕ್ಕನ ಬೆರಳು ಗುಂಡಿಯ ಮೇಲೆ ಸುಮ್ಮನೆ ಬಿದ್ದಿತ್ತು. ಕೊನೆಗೆ ಅಕ್ಷರಗಳು ಒಂದೊಂದಾಗಿ ಎದ್ದವು.

'ಚೆನ್ನಾಗಿತ್ತು. ಒತ್ತಿದೆ'

ಅಷ್ಟೇ. ಎಷ್ಟು ಕಾದರೂ ಅದರ ಮುಂದೆ ಏನೂ ಬರಲಿಲ್ಲ. ಅಕ್ಕ ಕಣ್ಣು ಮುಚ್ಚಿದಳು. ಅಂಗಡಿಯಲ್ಲಿ ಬೇರೆಯವರು ನೇಯ್ದ ಬಟ್ಟೆಯನ್ನೇ ತಾನೇ ಅವಳು ಕತ್ತರಿಸುತ್ತಿದ್ದುದು ಎಂದು ತಂಗಿ ಸಮಾಧಾನ ಹೇಳಿಕೊಳ್ಳಲು ನೋಡಿದಳು. ಸಮಾಧಾನವಾಗಲಿಲ್ಲ. ಬಟ್ಟೆ ಬೇರೆ, ಕ್ಷಮೆ ಬೇರೆ. ಹುಡುಗಿಗೆ ನಿಜ ಹೇಳಿದರೆ ಆ ಒಂದು ಮಾತೂ ಅವಳ ಕೈಯಿಂದ ಹೋಗುತ್ತದೆ. ಹೇಳದಿದ್ದರೆ ಯಾರನ್ನು ನಂಬಿ ಬರುತ್ತಿದ್ದಾಳೋ ಆ ಅಮ್ಮ ಇಲ್ಲಿಲ್ಲ. ಒಂದು ಅಲ್ಪವಿರಾಮಕ್ಕೆ ಅರ್ಧ ದಿನ ತಲೆ ಕೆಡಿಸಿಕೊಳ್ಳುವವಳಿಗೆ ಇದೇನು ಸಣ್ಣದೇ?

ಭಾನುವಾರ ಮಗಳು ರಾಜೀನಾಮೆಯನ್ನು ಫೋನಿನಲ್ಲಿ ಬರೆದುಕೊಂಡೇ ಬಂದಳು. "ಚಿಕ್ಕಮ್ಮ, ತಪ್ಪಿದ್ರೆ ತಿದ್ದಿಕೊಡಿ," ಎಂದು ಮುಂದೆ ಹಿಡಿದಳು.

ತಂಗಿ ಕೈ ಹಿಂದಕ್ಕೆ ಎಳೆದುಕೊಂಡಳು. "ನಾನು ತಿದ್ದಲ್ಲ. ಮೊದ್ಲು ನಿಮ್ಮಮ್ಮನ್ನ ಕೇಳು." ಆಮೇಲೆ ಟ್ಯಾಬಿನ ಊಹೆಯನ್ನು ಆಫ್ ಮಾಡಿದಳು. "ವಕೀಲರಿಗೆ ಇವತ್ತು ರಜೆ. ಅವಳೇ ಬರೀತಾಳೆ. ಸ್ವಲ್ಪ ಹೊತ್ತಾಗುತ್ತೆ, ಕಾಯಿ."

"ಅಮ್ಮ, ನಾಳೆ ಕೆಲಸ ಬಿಡ್ಲಾ? ಬರ್ಲಾ ಇಲ್ಲಿಗೆ?"

ಹುಡುಗಿ ಮಂಚದ ಅಂಚಿನಲ್ಲಿ ಕೂತು ಪರದೆ ನೋಡಿದಳು. ಅಕ್ಕ ಒಂದು ಅಕ್ಷರ ತಪ್ಪಿ ಒತ್ತಿದಳು, ಅಳಿಸಿದಳು, ಕಣ್ಣಲ್ಲೇ ಬೈದುಕೊಂಡಳು. ತಂಗಿಯ ಕೈ ಸಹಾಯಕ್ಕೆ ಮುಂದೆ ಹೋಯಿತು. ಅದನ್ನು ಅವಳು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು.

'ಬಾ'

ಮಗಳ ಮುಖ ಅರಳಿತು. "ನಿಲ್ಲು, ಇನ್ನೂ ಇದೆ," ಎಂದಳು ತಂಗಿ.

'ಬೈತೀನಿ'

ಮಗಳು ಅದನ್ನು ಎರಡು ಸಲ ಓದಿದಳು. ಆಮೇಲೆ ಹುಡುಗಿ ಪಕ್ಕನೆ ನಕ್ಕಳು. ಮೊನ್ನೆ ಅತ್ತದ್ದಕ್ಕಿಂತ ಈ ನಗು ಜೋರಾಗಿತ್ತು. "ನಮ್ಮಮ್ಮ ಬಂದ್ಲು! ಎಲ್ಲಿ ಹೋಗಿದ್ದೆ ಇಷ್ಟು ದಿನ?" ಎಂದು ಅಕ್ಕನ ಕೈ ಹಿಡಿದಳು. "ಬೈಯಿ. ಆದ್ರೆ ಕೇಳು, ಅಕ್ಷರ ಅಕ್ಷರವಾಗಿ ಬೈಯೋ ಹೊತ್ತಿಗೆ ನಾನು ಒಂದು ಪ್ಯಾಂಟಿನ ಹೊಲಿಗೆ ಮುಗಿಸಿರ್ತೀನಿ. ಮತ್ತೆ ಗಿರಾಕಿಗಳ ಎದುರಿಗೆ ಬೇಡ. ಅವರ ಮುಂದೆ ಅಂದ್ರೆ ಅವತ್ತೇ ಎದ್ದು ಹೋಗ್ತೀನಿ. ಒಪ್ಪಿಗೆಯಾ?"

ಅಕ್ಕ ಬಹಳ ಹೊತ್ತು ಯೋಚಿಸಿದಳು. ಅಷ್ಟು ಸುಲಭವಾಗಿ ಒಪ್ಪುವ ಕರಾರಲ್ಲ ಅದು. ಕೊನೆಗೆ ಒತ್ತಿದಳು: 'ಹೂಂ'.

ಮಗಳು ಆ ಹೂಂ ಅನ್ನು ನೋಡಿಕೊಂಡೇ ರಾಜೀನಾಮೆ ಕಳಿಸಿದಳು. ಒಂದು ಅಕ್ಷರ ತಪ್ಪಿತ್ತು, ತಂಗಿಗೆ ದೂರದಿಂದಲೇ ಕಂಡಿತ್ತು. ಅವಳು ಬಾಯಿ ಬಿಡಲಿಲ್ಲ.

ಕೆಳಗೆ ಹೋಗಿ ಷಟರು ಎತ್ತಿ, ಇಬ್ಬರೂ ಯಂತ್ರಗಳ ಮೇಲಿನ ಬಟ್ಟೆ ಸರಿಸಿದರು. ಧೂಳು ಏಳುತ್ತಿತ್ತು. ಹುಡುಗಿ ಬಾಬಿನ್ನಿಗೆ ದಾರ ಸುತ್ತುತ್ತ, ತಲೆ ಎತ್ತದೆ ಕೇಳಿದಳು: "ಚಿಕ್ಕಮ್ಮ, ಇವತ್ತು ಒಂದು ಬಾ ಅನ್ನೋಕೆ ಅಷ್ಟು ಒದ್ದಾಡಿದ್ಲು. ಮೊನ್ನೆ ಆ ಕ್ಷಮಿಸು ಅನ್ನೋದು ಅಷ್ಟು ಸಲೀಸಾಗಿ ಹೆಂಗೆ ಬಂತು?"

ತಂಗಿಯ ಕೈಯಲ್ಲಿನ ಬಟ್ಟೆ ನಿಂತಿತು. ಹೇಳುವುದಾದರೆ ಇದೇ ಗಳಿಗೆ. ಫೋನು, ಕೋಟಿನವನು, ತನ್ನ ತಿದ್ದುಪಡಿಗಳು, ಎಲ್ಲ ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು. ಹುಡುಗಿ ದಾರವನ್ನು ಹಲ್ಲಿನಲ್ಲಿ ಕಡಿದು, ಉತ್ತರಕ್ಕಾಗಿ ಅವಳತ್ತ ನೋಡಿದಳು. ಅವಳು ಬೈಗುಳವನ್ನು ಒಪ್ಪಿಕೊಂಡು ಬಂದವಳು. ಆ ಕ್ಷಮೆಯ ಮಾತು ಅವಳ ಹತ್ತಿರ ಇದ್ದರೆ ಯಾರಿಗೂ ನಷ್ಟವಿಲ್ಲ.

"ಒತ್ತಿದ್ದು ನಿಮ್ಮಮ್ಮನೇ," ಎಂದಳು ತಂಗಿ. ಅದು ಅಚ್ಚಿಗೆ ಕೊಡಬಹುದಾದಷ್ಟು ಸರಿಯಾದ ವಾಕ್ಯವಾಗಿತ್ತು.

ಹುಡುಗಿ ತಲೆಯಾಡಿಸಿ ಸೂಜಿಗೆ ದಾರ ಪೋಣಿಸಿದಳು. ಉಳಿದದ್ದನ್ನು ಅವಳಿಗಾಗಲಿ, ಥೆರಪಿಸ್ಟ್ ಹುಡುಗಿಗಾಗಲಿ, ಇನ್ಯಾರಿಗೇ ಆಗಲಿ ಹೇಳುವುದಿಲ್ಲವೆಂದು ತೀರ್ಮಾನಿಸಿ, ತಂಗಿ ಬಟ್ಟೆಯನ್ನು ಬಾಗಿಲಾಚೆ ಕೊಡವಿದಳು.