ಮೂರನೆಯವರ ಕುರ್ಚಿ

ಮೇಜು ಬಾಗಿಲಲ್ಲಿ ಸಿಕ್ಕಿಕೊಂಡುಬಿಟ್ಟಿತು. ಅತ್ತ ಇಬ್ಬರು ಇತ್ತ ಇಬ್ಬರು ಹಿಡಿದು ಅಡ್ಡ ಮಾಡಿದರು, ಓರೆ ಮಾಡಿದರು, ಕಾಲು ಮೇಲೆ ಮಾಡಿದರು. ಜಪ್ಪಯ್ಯ ಎಂದರೂ ಅದು ಅಲ್ಲಾಡಲಿಲ್ಲ. ಒಳಗೆ ಬಂದದ್ದು ಹೊರಗೆ ಹೋಗಲೇಬೇಕಲ್ಲ ಎಂದು ಶವದ ವ್ಯಾನಿನ ಡ್ರೈವರ್ ಬೆವರು ಒರೆಸಿಕೊಂಡ. ಪ್ರೊಫೆಸರ್ ಅಂತಿಮ ದರ್ಶನಕ್ಕೆಂದು ಅವರ ಕೋಣೆಯಲ್ಲಿ ಜಾಗ ಮಾಡಿಸುತ್ತಿದ್ದದ್ದು ಸಂಶೋಧನಾ ಸಂಸ್ಥೆಯ ನಿರ್ದೇಶಕಿ. ಉತ್ತರ ಗೊತ್ತಿದ್ದದ್ದು ತೀರಿಹೋದವರ ಮಗಳಿಗೆ. ಆ ಮೇಜು ಒಳಗೆ ಬಂದದ್ದೇ ಅಲ್ಲ. ಬಡಗಿಯನ್ನು ಕರೆಸಿ, ಇದೇ ಕೋಣೆಯಲ್ಲಿ ಕೂರಿಸಿ ಅಮ್ಮ ಮಾಡಿಸಿದ್ದಳು. ನಾಳೆ ಯಾವನೋ ಅಧಿಕಾರಿ ಬಂದು ಎತ್ತಿಕೊಂಡು ಹೋಗಬಾರದು ನೋಡಿ, ಅದಕ್ಕೆ.

"ಇರಲಿ ಬಿಡಿ," ಎಂದಳು ಮಗಳು. "ವಾಪಸ್ ಇಡಿ. ಅಮ್ಮನ್ನ ಇದರ ಮೇಲೇ ಮಲಗಿಸೋಣ. ಆಯಸ್ಸೆಲ್ಲ ಇದರ ಮುಂದೇನೇ ಕಳೆದವಳು."

ಹೀಗೆ ಅಂತರರಾಷ್ಟ್ರೀಯ ಕಾನೂನಿನ ಪ್ರೊಫೆಸರ್ ತನ್ನ ಮೇಜಿನ ಮೇಲೆಯೇ ಮಲಗಿದಳು. ಗೋಡೆಯುದ್ದಕ್ಕೂ ದೇಶ ದೇಶಗಳ ಒಪ್ಪಂದಗಳ ದಪ್ಪ ಸಂಪುಟಗಳು. ಕಿಟಕಿಯಾಚೆ ಬಸ್ ನಿಲ್ದಾಣ. ಬಸ್ಸು ಹೊರಡುವಾಗಲೆಲ್ಲ ಗಾಜು ಗಡಗಡ ಅನ್ನುತ್ತಿತ್ತು, ಆಗೆಲ್ಲ ಅವಳು ಪಾಠ ನಿಲ್ಲಿಸಿ, ಬಸ್ಸಿನವರ ಅಭಿಪ್ರಾಯವೂ ಆಯಿತು, ಮುಂದುವರಿಸೋಣ ಎನ್ನುತ್ತಿದ್ದಳು.

ಬಂದವರಿಗೆ ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿದ್ದರು. ಆದರೂ ಮೇಜಿನ ತಲೆಯ ಕಡೆಗಿದ್ದ ಒಂದು ಕುರ್ಚಿ ಖಾಲಿಯಾಗಿಯೇ ಇತ್ತು. ನಿರ್ದೇಶಕಿ ಅದರ ಮೇಲೆ ದೊಡ್ಡದೊಂದು ಹೂಗುಚ್ಛ ಇಟ್ಟಳು. ಮಗಳು ಅದನ್ನೆತ್ತಿ ಕೆಳಗಿಟ್ಟಳು. ಅದು ಯಾರ ಜಾಗ ಎಂದು ಡ್ರೈವರ್ ಪಿಸುದನಿಯಲ್ಲಿ ಕೇಳಿದ. ಪಕ್ಕದಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು, ಅದು ಮೂರನೆಯವರದ್ದು ಎಂದಳು.

ಅವಳು ಬಿಡಿಸಿ ಹೇಳಿದ್ದು ಇಷ್ಟು. ಎರಡು ಸರ್ಕಾರಗಳೋ, ಒಂದು ಸರ್ಕಾರ ಒಂದು ಕಂಪನಿಯೋ ಎದುರುಬದುರು ಕೂತು ಒಪ್ಪಂದಕ್ಕೆ ಸಹಿ ಹಾಕುತ್ತವೆ. ಅದರ ಭಾರ ಹೊರುವವನು ಮಾತ್ರ ಆ ಕೋಣೆಯಲ್ಲಿ ಇರುವುದಿಲ್ಲ. ಆ ಕುರ್ಚಿ ಅವನಿಗೆ. ಮೇಡಂ ಮುಂದೆ ಯಾರು ಏನೇ ವಾದ ಮಂಡಿಸಲಿ, ಕೊನೆಗೆ ಆ ಕುರ್ಚಿಯ ಕಡೆ ತಿರುಗಿ, ಅಲ್ಲಿ ಕೂತವನು ಏನು ಕೇಳುತ್ತಿದ್ದ ಎಂದು ಹೇಳಲೇಬೇಕಿತ್ತು. ಹೊಸಬರು ಮೊದಲು ಮುಸಿಮುಸಿ ನಗುತ್ತಿದ್ದರು. ಆಮೇಲೆ ನಗುವುದು ತಾನಾಗಿ ನಿಲ್ಲುತ್ತಿತ್ತು.

ಡ್ರೈವರ್ ತಲೆಯಾಡಿಸಿ, ಬೇಗ ಹೊರಟರೆ ಒಳ್ಳೆಯದು, ಇನ್ನೊಂದು ಮನೆಯವರೂ ವ್ಯಾನಿಗೆ ಕಾಯುತ್ತಿದ್ದಾರೆ ಎಂದು ಹೇಳಿ ಹೊರಗೆ ಹೋದ.

ಅಪ್ಪ ಬಾಗಿಲ ಬಳಿ ಬಂದವರ ಕೈ ಹಿಡಿದುಕೊಳ್ಳುತ್ತ ನಿಂತಿದ್ದರು. ಅವರು ಹಲ್ಲಿನ ಡಾಕ್ಟರು. ದೂರದ ನ್ಯಾಯಮಂಡಳಿಯೊಂದು ತನ್ನ ತೀರ್ಪಿನ ಅಡಿಟಿಪ್ಪಣಿಯಲ್ಲಿ ಹೆಂಡತಿಯ ಪುಸ್ತಕವನ್ನು ಹೆಸರಿಸಿದಾಗ, ಆ ಪುಟಕ್ಕೆ ಕಟ್ಟು ಹಾಕಿಸಿ ಕ್ಲಿನಿಕ್ಕಿನಲ್ಲಿ ತೂಗುಹಾಕಿದ ಮನುಷ್ಯ. ಹಲ್ಲು ಕೀಳಿಸಿಕೊಳ್ಳಲು ಬಂದವರೆಲ್ಲ ಬಾಯಿ ತೆರೆದುಕೊಂಡು ಅದನ್ನೇ ನೋಡಬೇಕು. ಇವತ್ತೂ ಅವರಿಗೆ ಅಳುವಿಗಿಂತ ಹೆಮ್ಮೆಯೇ ಮುಂದೆ ನುಗ್ಗುತ್ತಿತ್ತು. ಕೈ ಹಿಡಿದವರಿಗೆಲ್ಲ, "ಅಡಿಟಿಪ್ಪಣಿ ನೋಡಿದೀರಾ?" ಎಂದು ಕೇಳುತ್ತಿದ್ದರು.

ಅಷ್ಟರಲ್ಲಿ ಕಾರಿಡಾರಿನಲ್ಲಿ ಕೋಲು ಟಕಟಕ ಅಂದಿತು. ಯಾರೆಂದು ಮಗಳು ತಿರುಗಿ ನೋಡಬೇಕಿರಲಿಲ್ಲ. ಹಳೆಯ ಸಿಟ್ಟು ಭಗ್ ಎಂದಿತು.

*

ಆ ಕೋಣೆಯಲ್ಲಿ ಅಮ್ಮನದು ಇನ್ನೊಂದು ಕಾಯಿದೆಯೂ ಇತ್ತು, ಮನೆಯಲ್ಲೂ ಅದೇ. ಕಿಟಕಿ ಪಕ್ಕದ ಹಾಸಿಗೆ ಯಾರಿಗೆ ಎಂದು ಚಿಕ್ಕಂದಿನಲ್ಲಿ ಅವಳೂ ತಮ್ಮನೂ ಕೂದಲು ಹಿಡಿದು ಜಗಳವಾಡಿದರೆ ಅಮ್ಮ ಬೈಯುತ್ತಿರಲಿಲ್ಲ. ಊಟದ ಮೇಜಿನ ಎರಡು ಬದಿಗೆ ಇಬ್ಬರನ್ನೂ ಕೂರಿಸುತ್ತಿದ್ದಳು. ಮೊದಲು ತಮ್ಮನ ವಾದವನ್ನು ಅಕ್ಕ ಹೇಳಬೇಕು. ಅಡ್ಡಾದಿಡ್ಡಿಯಾಗಿ ಅಲ್ಲ, ಅವನೇ ಹೇಳಿದ್ದರೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ ಅನ್ನುವ ಹಾಗೆ. ಕೇಳಿದ ತಮ್ಮ, "ಹೌದು, ನಾನು ಹೇಳಿದ್ದು ಅದೇ" ಎನ್ನಬೇಕು. ಅಲ್ಲಿಯವರೆಗೆ ಅಕ್ಕ ತನ್ನದನ್ನು ಶುರು ಮಾಡುವ ಹಾಗಿಲ್ಲ.

ಇವತ್ತು ವಿಮಾನ ಸಿಗದೆ ದೂರದ ದೇಶದಲ್ಲೇ ಉಳಿದ ತಮ್ಮ ಆಗ ಎಂಥ ಕಿಲಾಡಿ. ಅವಳು ಎಷ್ಟು ಚೆನ್ನಾಗಿ ಹೇಳಿದರೂ ತುಟಿ ಬಿಗಿದು ಕೂರುತ್ತಿದ್ದ. ಹೌದು ಅನ್ನದಿದ್ದರೆ ಅಕ್ಕನ ಬಾಯಿ ಕಟ್ಟಿಹಾಕಬಹುದಲ್ಲ. ಒಂದು ದಿನ ಅಮ್ಮ ಅವನ ಕಿವಿ ಹಿಡಿದಳು, ಹಿಂಡಲಿಲ್ಲ, ಸುಮ್ಮನೆ ಹಿಡಿದಳು.

"ಸರಿಯಾಗಿ ಹೇಳಿದ ಮೇಲೂ ಹೌದು ಅನ್ನದೆ ಕೂತರೆ ಅದೂ ಸುಳ್ಳೇ ಕಣೋ. ಬಾಯಿ ಬಿಡದೆ ಹೇಳೋ ಸುಳ್ಳು."

ಪಕ್ಕದಲ್ಲಿದ್ದ ಅಪ್ಪ, ನನ್ನ ಕುರ್ಚಿಯಲ್ಲಿ ಕೂತವರು ಬಾಯಿ ತೆರೆದರೂ ಮಾತಾಡೋ ಹಾಗಿಲ್ಲ, ನಿಮ್ಮಮ್ಮನ ಕುರ್ಚಿಯಲ್ಲಿ ಕೂತವರು ಬಾಯಿ ಮುಚ್ಚೋ ಹಾಗೇ ಇಲ್ಲ ಎಂದು ನಕ್ಕಿದ್ದರು.

ಆ ಮೇಜಿಗೆ ರಜೆಯ ದಿನಗಳಲ್ಲಿ ಇನ್ನೊಬ್ಬರು ಬರುತ್ತಿದ್ದರು. ಉದ್ದ ಮೂಗು, ಕೈಯಲ್ಲೊಂದು ಕೋಲು. ಪ್ರತಿ ಮಾತನ್ನೂ "ಒಂದು ಆಕ್ಷೇಪಣೆ" ಎಂದೇ ಶುರು ಮಾಡುವವರು. ಮಕ್ಕಳು ಅವರಿಗೆ ಆಕ್ಷೇಪಣೆ ಮಾಮ ಎಂದು ಹೆಸರಿಟ್ಟಿದ್ದರು. ಅವರೂ ಅಮ್ಮನ ವಿಷಯದಲ್ಲೇ ಪ್ರೊಫೆಸರ್, ಆದರೆ ಎದುರು ಪಕ್ಷ. ಸಹಿ ಹಾಕದವರಿಗೆಲ್ಲ ಕುರ್ಚಿ ಕೊಡುತ್ತ ಹೋದರೆ ನಾಳೆ ಸಹಿ ಹಾಕುವುದಕ್ಕೆ ಯಾರೂ ಬರುವುದಿಲ್ಲ, ಬಂಡವಾಳವೂ ಬರುವುದಿಲ್ಲ ಎನ್ನುವುದು ಅವರ ವಾದ. ಅಮ್ಮನ ಕೋಣೆಗೆ ಬಂದರೆ ಆ ಖಾಲಿ ಕುರ್ಚಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಖಾಲಿ ಕುರ್ಚಿಗೆಲ್ಲ ನಾನು ಉತ್ತರ ಕೊಡುವುದಿಲ್ಲ ಎನ್ನುತ್ತಿದ್ದರು.

ಮಕ್ಕಳಿಗೆ ಮಾಮ ಅಂದರೆ ಇಷ್ಟವೇ ಇತ್ತು. ಅಮ್ಮನ ಪುಸ್ತಕದ ಹಸ್ತಪ್ರತಿ ಪ್ರಕಾಶನದಿಂದ ವಾಪಸ್ ಬರುವವರೆಗೆ.

ಆವತ್ತು ಮಗಳು ಶಾಲೆಯಿಂದ ಬಂದಾಗ ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಅಳುತ್ತಿದ್ದಳು. ಸುತ್ತ ಹಾಳೆಗಳು. ಪರಿಶೀಲಿಸಿದವರು ಪುಸ್ತಕ ಇನ್ನೂ ಅಚ್ಚಿಗೆ ತಯಾರಿಲ್ಲ ಎಂದು ಬರೆದಿದ್ದರು. ಬರೆದವರು ಆಕ್ಷೇಪಣೆ ಮಾಮನೇ ಎಂದು ಆಮೇಲೆ ಗೊತ್ತಾಯಿತು. ಅಂದಿನಿಂದ ಮಗಳು ಅವರನ್ನು ಮಾಮ ಎಂದು ಕರೆಯಲಿಲ್ಲ. ಪುಸ್ತಕವನ್ನು ಮತ್ತೆ ಬರೆಯಲು ಅಮ್ಮನಿಗೆ ವರ್ಷಗಳೇ ಹಿಡಿದವು. ಅಮ್ಮನಿಂದ ಆ ವರ್ಷಗಳನ್ನು ಕಿತ್ತುಕೊಂಡವರು ಇವರು ಎಂದು ಮಗಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

*

ನಿರ್ದೇಶಕಿ ಕೈ ಹೊಸಕಿಕೊಳ್ಳುತ್ತ ಮಗಳ ಹತ್ತಿರ ಬಂದಳು. ಕೋಲು ಹಿಡಿದು ಬಂದವರು ಎರಡು ಮಾತಾಡಬೇಕಂತೆ, ಏನು ಹೇಳಲಿ ಎಂದು ಕೇಳಿದಳು. ಏನೂ ಹೇಳಬೇಡಿ, ಬಂದಿದ್ದಾರೆ, ನೋಡಿಕೊಂಡು ಹೋಗಲಿ ಎಂದಳು ಮಗಳು. ಬದುಕಿದ್ದಾಗ ಅಮ್ಮನ ಮಾತಿನ ಮೇಲೆ ಮಾತು ಆಡಿದ್ದು ಸಾಕು. ಕೊನೆಯ ಮಾತೂ ಅವರದೇ ಆಗಬಾರದು. ಇವತ್ತು ಅವಳಿಗೆ ಅಮ್ಮನಿಗಾಗಿ ಮಾಡಲು ಉಳಿದಿದ್ದದ್ದು ಅದೊಂದೇ ಕೆಲಸ, ಅದನ್ನಾದರೂ ಸರಿಯಾಗಿ ಮಾಡಬೇಕು ಎಂದುಕೊಂಡಿದ್ದಳು.

ಅಪ್ಪನಿಗೆ ಕೇಳಿಸಿತು. ಅವಳ ತೋಳು ಹಿಡಿದು ಕಾರಿಡಾರಿನ ತುದಿಗೆ ಕರೆದುಕೊಂಡು ಹೋದರು.

"ಪುಟ್ಟಿ, ಆ ಪುಸ್ತಕಾನ ಅವನಿಗೇ ಕಳಿಸಿ ಅಂತ ಪ್ರಕಾಶನದವರಿಗೆ ಹೇಳಿದ್ದು ಯಾರು ಗೊತ್ತಾ? ನಿಮ್ಮಮ್ಮ."

ಮಗಳು ತೋಳು ಬಿಡಿಸಿಕೊಂಡಳು.

"ಅವರು ಬೇರೆ ಯಾರಿಗೋ ಕೊಡ್ತೀವಿ ಅಂದಿದ್ರು. ಇವಳೇ ಹಟ ಹಿಡಿದಳು. ನನ್ನ ಪುಸ್ತಕಾನ ಒಡೆಯೋಕಾದ್ರೆ ಅವನೊಬ್ಬನಿಂದಲೇ ಆಗೋದು, ಅವನ ಕೈಲಿ ಒಡೀದೇ ಇದ್ದರೆ ಇನ್ಯಾರ ಕೈಲೂ ಒಡೆಯಲ್ಲ ಅಂದಳು."

"ಮತ್ತೆ ಯಾಕೆ ಅತ್ತಳಪ್ಪ?"

"ಒಡೀತಲ್ಲ, ಅದಕ್ಕೆ." ಅಪ್ಪ ಕನ್ನಡಕ ತೆಗೆದು ಒರೆಸಿದರು. "ಅವನು ತೋರಿಸಿದ ತೂತು ನಿಜವಾಗ್ಲೂ ಇತ್ತು. ಅದನ್ನ ಮುಚ್ಚಿದ ಮೇಲೇ ಅಲ್ವಾ ಪುಸ್ತಕ ಗಟ್ಟಿಯಾಗಿದ್ದು. ನಾನು ಗೋಡೆಗೆ ತೂಗುಹಾಕಿರೋ ಅಡಿಟಿಪ್ಪಣೀಲಿ ಇರೋದು ಯಾವ ಅಧ್ಯಾಯ ಅಂದುಕೊಂಡೆ? ಅವನು ಮತ್ತೆ ಬರೆಸಿದ್ದೇ."

ಇದನ್ನೆಲ್ಲ ಮೊದಲೇ ಹೇಳಬಾರದಿತ್ತೇ ಎಂದು ಮಗಳು ಕೇಳಿದಳು. ಅಪ್ಪನಿಗೆ ನಿಜಕ್ಕೂ ಆಶ್ಚರ್ಯವಾಯಿತು. ನಿನಗೆ ಗೊತ್ತಿದೆ ಅಂದುಕೊಂಡಿದ್ದೆವು, ಎದುರಾಳಿಯ ಕೈಗೆ ಕೊಡದೆ ಇನ್ಯಾರ ಕೈಗೆ ಕೊಡುತ್ತಾರೆ ಎಂದರು. ಈ ಮನೆಯಲ್ಲಿ ಬೆಳೆದು ಇಷ್ಟು ಗೊತ್ತಾಗದೆ ಹೋಯಿತಲ್ಲ ಎಂದು ಮಗಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಹಿಂದೆಯೇ ಎದೆ ತುಂಬುವಷ್ಟು ಹೆಮ್ಮೆಯೂ ಬಂತು. ತನ್ನ ಪುಸ್ತಕವನ್ನು ಕೈಯಾರೆ ಶತ್ರುವಿನ ಮುಂದೆ ಇಟ್ಟು, ಅತ್ತು, ಎದ್ದು, ಮತ್ತೆ ಬರೆದವಳು ತನ್ನ ಅಮ್ಮ.

ಅವಳು ಒಳಗೆ ಹೋಗಿ, ಅವರು ಮಾತಾಡಲಿ ಎಂದು ನಿರ್ದೇಶಕಿಗೆ ಹೇಳಿದಳು.

*

ಅವರು ಮೇಜಿನ ಆ ಬದಿಗೆ, ಯಾವಾಗಲೂ ಕೂರುತ್ತಿದ್ದ ಜಾಗದಲ್ಲೇ ಹೋಗಿ ನಿಂತರು. ಕೋಲನ್ನು ಮೇಜಿಗೆ ಒರಗಿಸಿದರು. ಬಹಳ ಮುದುಕರಾಗಿದ್ದರು, ದನಿ ಮಾತ್ರ ಹಾಗೇ ಇತ್ತು. ಎಲ್ಲರೂ ಹೊಗಳಿಕೆಗೆ ಕಾದರೆ ಅವರು ನೇರವಾಗಿ ವಾದಕ್ಕೇ ಇಳಿದರು.

"ಒಂದು ಊರಿನ ನೀರನ್ನ ಹೊರದೇಶದ ಕಂಪನಿಗೆ ವಹಿಸಿದ್ರು ಅಂತಿಟ್ಕೊಳ್ಳಿ. ಆಮೇಲೆ ದರ ಏರಿಸೋಕೆ ಸರ್ಕಾರ ಬಿಡಲಿಲ್ಲ. ಕಂಪನಿ ನ್ಯಾಯಮಂಡಳಿಗೆ ಹೋಯ್ತು. ಅಲ್ಲಿ ಕಂಪನಿ ಇದೆ, ಸರ್ಕಾರ ಇದೆ. ನಲ್ಲಿ ಯಾರ ಮನೇಲಿದೆಯೋ ಅವರು ಮಾತ್ರ ಇಲ್ಲ. ಅವರನ್ನ ಕೇಳದೆ ಬರೆದ ತೀರ್ಪು ಅರ್ಧ ತೀರ್ಪು ಅಂತ ಈಕೆ ಹೇಳಿದಳು. ಆ ಬಡಪಾಯಿಗಳ ಮೇಲೆ ಕನಿಕರ ಇಟ್ಟು, ಅವರಿಗೂ ಎರಡು ಮಾತಾಡೋ ಅವಕಾಶ ಕೊಡಿ ಅಂತ ಕೇಳಿದಳು."

ನಿಲ್ಲಿಸಿ, ಮಲಗಿದ್ದವಳ ಮುಖ ನೋಡಿದರು. ನೋಡುತ್ತಲೇ ನಿಂತರು. ಮಾತು ಮುಗಿಯಿತೇನೋ ಎಂದು ನಿರ್ದೇಶಕಿ ಮೈಕಿನ ಕಡೆ ಹೊರಟಳು. ಆ ಮೇಜಿನಲ್ಲಿ ಕೂತು ಕಲಿತವರು ಒಬ್ಬರೂ ಅಲುಗಲಿಲ್ಲ. ಮುದುಕರು ಯಾವುದಕ್ಕೆ ಕಾಯುತ್ತಿದ್ದಾರೆಂದು ಅವರಿಗೆಲ್ಲ ಗೊತ್ತಿತ್ತು. ಹೌದು ಅನ್ನಬೇಕಾದವಳು ಇಲ್ಲ. ಅವಳು ಹೌದು ಅನ್ನದೆ ಇವರು ಮುಂದೆ ಹೋಗುವ ಹಾಗಿಲ್ಲ.

ಮಗಳು ಎದ್ದು ಅಮ್ಮನ ಕುರ್ಚಿಯ ಹಿಂದೆ ಬಂದು ನಿಂತಳು. ಅವಳು ಶಾಲೆಯಲ್ಲಿ ಗಣಿತ ಹೇಳುವವಳು, ಕಾನೂನು ಓದಿದವಳಲ್ಲ. ಆದರೆ ಊಟದ ಮೇಜಿನಲ್ಲಿ ಕೇಳಿದ್ದು ಎಲ್ಲಿಗೆ ಹೋಗುತ್ತದೆ?

"ಅಲ್ಲ," ಎಂದಳು.

ಮುದುಕರ ಹುಬ್ಬು ಮೇಲೇರಿತು.

"ಕನಿಕರ ಅನ್ನೋ ಮಾತು ಅಮ್ಮನ ಬಾಯಲ್ಲಿ ಯಾವತ್ತೂ ಬಂದಿಲ್ಲ. ಅವಕಾಶ ಕೊಡಿ ಅಂತ ಅವಳು ಬೇಡಲಿಲ್ಲ. ಭಾರ ಹೊರೋರು ಒಪ್ಪಂದದ ಹೊರಗಿನವರಲ್ಲ, ಸಹಿ ಹಾಕಿದೋರು ಎಷ್ಟು ಒಳಗಿನವರೋ ಇವರೂ ಅಷ್ಟೇ ಒಳಗಿನವರು. ಕುರ್ಚಿ ಅವರದ್ದೇ, ನಾವು ಕೊಡೋದಲ್ಲ ಅಂದಳು."

ಅವರು ಕಣ್ಣು ಮುಚ್ಚಿ ಯೋಚಿಸಿದರು. ಮತ್ತೆ ಮೊದಲಿನಿಂದ ಹೇಳಿದರು, ನೀರು, ನಲ್ಲಿ, ನ್ಯಾಯಮಂಡಳಿ, ಎಲ್ಲ. ಈ ಸಲ ಕನಿಕರವಿರಲಿಲ್ಲ. ಅಮ್ಮನೇ ಹೇಳಿದ್ದರೂ ಅಷ್ಟು ಚೊಕ್ಕವಾಗಿ ಹೇಳುತ್ತಿದ್ದಳೋ ಇಲ್ಲವೋ. ಜೀವನವಿಡೀ ಒಬ್ಬರ ಮಾತನ್ನು ಎದುರಿಸುವುದಕ್ಕೆಂದೇ ಅಷ್ಟು ಕಿವಿಗೊಟ್ಟು ಕೇಳಿದವರು ಮಾತ್ರ ಹಾಗೆ ಹೇಳಬಲ್ಲರು. ಮುಗಿಸಿ, ಈ ಸಲ ಮಗಳ ಮುಖ ನೋಡಿದರು.

ಬಾಯಿ ಬಿಡದೆ ಸುಳ್ಳು ಹೇಳುವುದಕ್ಕೆ ಅವಳಿಂದ ಆಗಲಿಲ್ಲ.

"ಹೌದು ಮಾಮ," ಎಂದಳು. "ಅಮ್ಮ ಹೇಳಿದ್ದು ಅದೇ."

ಬಾಗಿಲ ಬಳಿ ಅಪ್ಪ ಕರವಸ್ತ್ರ ಹುಡುಕಿಕೊಂಡರು. ಇನ್ನು ಅವರು ಕೈಮುಗಿದು ಕೂರುತ್ತಾರೆ ಎಂದು ಹೊಸಬರು ಅಂದುಕೊಂಡಿದ್ದರೆ ಅದು ಅವರ ತಪ್ಪು. ಮುದುಕರು ಕೋಲು ಕೈಗೆ ತೆಗೆದುಕೊಂಡು ನೆಟ್ಟಗೆ ನಿಂತರು. ಕೆನ್ನೆ ಒದ್ದೆಯಾಗಿತ್ತು, ಗದ್ದ ಮಾತ್ರ ಮೇಲೆದ್ದಿತ್ತು. ಈಗ ಸರದಿ ಅವರದು, ಅದನ್ನು ಬಿಟ್ಟುಕೊಟ್ಟಿದ್ದರೆ ಮಲಗಿದ್ದವಳಿಗೇ ಅವಮಾನ.

ಅಷ್ಟರಲ್ಲಿ ವ್ಯಾನಿನ ಡ್ರೈವರ್ ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದ. ಆ ಇನ್ನೊಂದು ಮನೆಯವರು ಮತ್ತೆ ಫೋನ್ ಮಾಡಿದ್ದರಂತೆ. ಹೇಗೆ ಹೇಳುವುದೆಂದು ತಿಳಿಯದೆ ಕಾಲು ಬದಲಿಸುತ್ತ ನಿಂತ. ಆಮೇಲೆ ಬಾ ಎಂದು ನಿರ್ದೇಶಕಿ ಕೈಸನ್ನೆ ಮಾಡಿದಳು.

ಮಗಳು ಮೇಜಿನ ತಲೆಯ ಕಡೆ ಹೋಗಿ, ಖಾಲಿಯಿದ್ದ ಕುರ್ಚಿಯನ್ನು ಅವನಿಗಾಗಿ ಹಿಂದಕ್ಕೆ ಎಳೆದಳು.

"ಇಲ್ಲಿ ಕೂತ್ಕೊಳ್ಳಿ. ಇನ್ನೆಷ್ಟು ಹೊತ್ತು ಕಾಯಬಹುದು ಅಂತ ನೀವೇ ಹೇಳಿ."

ಅವನು ಸುತ್ತ ನೋಡಿದ. ಯಾರೂ ಬೇಡ ಅನ್ನಲಿಲ್ಲ. ಅಂಚಿನಲ್ಲಿ ಕೂತು, ಆಮೇಲೆ ಸ್ವಲ್ಪ ಹಿಂದೆ ಸರಿದು, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡ. ಆ ಇನ್ನೊಂದು ಮನೆಯ ಮುಂದೆ ಜನ ಬಿಸಿಲಲ್ಲಿ ನಿಂತಿದ್ದಾರೆ, ಚಿಕ್ಕದಾಗಿ ಹೇಳುವುದಾದರೆ ಕೇಳುತ್ತೇನೆ ಎಂದ.

ಕಿಟಕಿಯಾಚೆ ಬಸ್ಸೊಂದು ಹೊರಟು ಗಾಜು ಗಡಗಡ ಅಂದಿತು. ಅದು ನಿಲ್ಲುವವರೆಗೆ ಮುದುಕರು ಕಾದರು. ಆಮೇಲೆ, ಇಷ್ಟು ವರ್ಷ ಒಮ್ಮೆಯೂ ನೋಡದಿದ್ದ ಆ ಕುರ್ಚಿಯ ಕಡೆಗೆ ಕೋಲೂರಿಕೊಂಡು ನಿಧಾನವಾಗಿ ತಿರುಗಿದರು, ಅದರಲ್ಲಿ ಕೂತವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

"ಒಂದು ಆಕ್ಷೇಪಣೆ," ಎಂದು ಶುರು ಮಾಡಿದರು.