ಮಂಜು ಇಳಿಯುವವರೆಗೆ

"ಅಪ್ಪಾ, ಏನೂ ಮುಟ್ಟಬ್ಯಾಡ. ಸ್ಟೋರಿನಿಂದ ಸ್ಪಿರಿಟ್ ತಗೊಂಡು ಈಗ ಬಂದೆ," ಎಂದು ಗುರುದೇವಿ ಪ್ರಯೋಗಶಾಲೆಯಿಂದ ಓಡಿದಳು. ಸಿದ್ದರಾಮಪ್ಪ ಗಾಜಿನ ಪೆಟ್ಟಿಗೆಯ ಮುಂದೆ ಒಬ್ಬನೇ ಉಳಿದ.

ಮೀನು ಸಾಕುವ ತೊಟ್ಟಿಯಷ್ಟಿದ್ದ ಪೆಟ್ಟಿಗೆ. ಅದರ ತಳದ ಅಲ್ಯೂಮಿನಿಯಂ ತಟ್ಟೆ ಅವನದೇ ಕೈಕೆಲಸ. ತೆಲುಗು ಸೀಮೆಗೆ ಬಂದು ಬಾಲಾನಗರದ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೇಥ್ ಮುಂದೆ ನಿಂತು ನಿವೃತ್ತನಾದವನು. ಗೆಳೆಯನ ವರ್ಕ್‌ಶಾಪಿನಲ್ಲಿ ಎರಡು ದಿನ ಕೂತು ಆ ತಟ್ಟೆಗೆ ಕನ್ನಡಿಯಂಥ ಹೊಳಪು ಕೊಟ್ಟಿದ್ದ. ಮಗಳು ಮರುದಿನವೇ ಅದಕ್ಕೆ ಕಪ್ಪು ಬಣ್ಣ ಬಳಿದಾಗ ಆ ಹೊತ್ತು ಅವನಿಗೆ ಊಟ ಸೇರಲಿಲ್ಲ.

ಆಕಾಶದಿಂದ ಹಗಲಿರುಳು ಸುರಿಯುವ, ಕಣ್ಣಿಗೆ ಕಾಣದ ಕಣಗಳ ದಾರಿಯನ್ನು ಈ ಪೆಟ್ಟಿಗೆಯ ತಣ್ಣನೆಯ ಆವಿಯಲ್ಲಿ ಬಿಳಿ ಗೆರೆಯಾಗಿ ತೋರಿಸಬೇಕು. ಅದು ಅವಳ ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟು. ಹನ್ನೊಂದಕ್ಕೆ ಹೊರಗಿನ ಪರೀಕ್ಷಕರು ಬರುತ್ತಾರೆ. ಗೆರೆ ಕಂಡರೆ ಪಾಸು, ಮುಂದೆ ಸಂಶೋಧನೆಯ ಸೀಟು. ಕಾಣದಿದ್ದರೆ ಎರಡೂ ಇಲ್ಲ. ಅವಳ ಜೊತೆಯ ಇಪ್ಪತ್ತೆರಡು ಮಂದಿಯಲ್ಲಿ ಹದಿನೈದು ಮಂದಿ ಆಗಲೇ ಸಂಜೆ ಹೊತ್ತು ಅಮೀರಪೇಟೆಯ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದರು. ಊರೆಲ್ಲ ಅದೇ ಮಾತಾಗಿದ್ದಾಗ ಇವಳೊಬ್ಬಳು ಫಿಸಿಕ್ಸ್ ಬಿಡಲಿಲ್ಲ. "ಓದಲಿ ಬಿಡ್ರಿ, ಆಕಿಗೆ ಅದರ ಮ್ಯಾಲೇ ಜೀವ ಐತಿ" ಎಂದು ಅವನ ಹೆಂಡತಿ ಅಂಬವ್ವ ಹಟ ಹಿಡಿದಿದ್ದಳು. ಅಂಬವ್ವ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು.

ಕಾರ್ಖಾನೆಯಲ್ಲಿ ಯಾವ ಹೊಸ ಯಂತ್ರವನ್ನೂ ಕರ್ಪೂರ ಬೆಳಗದೆ ಚಾಲೂ ಮಾಡಿದ್ದನ್ನು ಸಿದ್ದರಾಮಪ್ಪ ಕಂಡಿರಲಿಲ್ಲ. ಹೆಂಡತಿ ಇದ್ದಿದ್ದರೆ ಇವತ್ತು ಈ ಕೆಲಸವನ್ನು ಅವಳೇ ಮಾಡುತ್ತಿದ್ದಳು. ಅವನು ಜೇಬಿನಿಂದ ಪೊಟ್ಟಣ ತೆಗೆದ. ಗಾಜಿಗೆ ಮೂರು ಬೆರಳಿನಿಂದ ವಿಭೂತಿ ಎಳೆದ. ಸ್ಟೀಲ್ ಮುಚ್ಚಳದಲ್ಲಿ ಎರಡು ಬಿಲ್ಲೆ ಕರ್ಪೂರ ಹಚ್ಚಿ ಬೆಳಗಿದ. ಹೊರಗಷ್ಟೇ ಬೆಳಗಿದರೆ ಸಾಲದೆನಿಸಿ, ಪೆಟ್ಟಿಗೆ ತೆರೆದು ಆರತಿಯನ್ನು ಒಳಗೂ ಒಂದು ಸುತ್ತು ತಿರುಗಿಸಿದ. ಕಪ್ಪು ಹೊಗೆ ಒಳಗೆ ಸುಳಿಯಿತು. ಮುಚ್ಚಿ ಕೈ ಮುಗಿದ.

ಗುರುದೇವಿ ಬಂದವಳು ಮೂಗರಳಿಸಿದಳು. "ಆರತಿ ಮುಗೀತೇನು?"

"ಮುಗೀತವ್ವ."

ಅವಳು ನಕ್ಕು, ಪೆಟ್ಟಿಗೆಯ ಮುಚ್ಚಳದ ತೂತಿನಿಂದ ಸಿರಿಂಜಿನಲ್ಲಿ ಸ್ಪಿರಿಟ್ ಬಿಟ್ಟು ಅದರ ಒಳಮೈಗೆ ಅಂಟಿಸಿದ್ದ ಬಟ್ಟೆ ನೆನೆಸಿದಳು. ತಟ್ಟೆಯ ಕೆಳಗೆ ಡ್ರೈ ಐಸ್ ಎನ್ನುವ ಒಣ ಮಂಜುಗಡ್ಡೆ ಜೋಡಿಸಿದಳು. ಐಸ್‌ಕ್ರೀಮ್ ಗೋದಾಮಿನವರನ್ನು ಕಾಡಿ ಬೇಡಿ ತಂದದ್ದು ಅದೊಂದೇ ಡಬ್ಬಿ. ಪಕ್ಕದಿಂದ ಟಾರ್ಚ್ ಹಿಡಿದು ಕಾದಳು.

ಹತ್ತೂವರೆಯಾದರೂ ಗೆರೆ ಕಾಣಲಿಲ್ಲ. ಪೆಟ್ಟಿಗೆಯ ತುಂಬ ಹಾಲಿನಂಥ ಮಂಜು. ಅವಳು ಅಂಚಿನ ಟೇಪು ಒತ್ತಿದಳು, ಟಾರ್ಚ್ ಬದಲಿಸಿದಳು.

"ನಿನ್ನೆ ಹಿಂಗ ಇರಲಿಲ್ಲಪ್ಪ. ಗಾಳಿ ಶುದ್ಧ ಇತ್ತು. ಧೂಳಿದ್ರ ಮಾತ್ರ ಹಿಂಗ ಆಗ್ತೈತಿ." ಥಟ್ಟನೆ ತಲೆಯೆತ್ತಿದಳು. "ಆರತಿ ಎಲ್ಲಿ ಮಾಡಿದಿ?"

"ಮೊದಲು ಹೊರಗ." ಅವನು ಪೆಟ್ಟಿಗೆಯ ಮುಚ್ಚಳ ತೋರಿಸಿದ. "ಆಮ್ಯಾಲ ಒಳಗೂ ಒಂದೀಟು ತೋರಿಸಿದೆ."

ಆಗಷ್ಟೇ ಬಂದು ನೆಲ ಒರೆಸುತ್ತಿದ್ದ ಸತ್ಯಭಾಮಾ ಕೋಲು ಹಿಡಿದೇ ಹತ್ತಿರ ಬಂದಳು. ನಾರಾಯಣಪೇಟೆಯ ಕಡೆಯವಳು, ಪ್ರಯೋಗಶಾಲೆಯ ಅಟೆಂಡರ್; ಹಿರಿಯರನ್ನು ತೆಲುಗರಂತೆ 'ಪೆದ್ದಾಯನ' ಎಂದೇ ಕರೆಯುವವಳು. "ಅಯ್ಯೋ ಪೆದ್ದಾಯನಾ! ಇದೇನು ಗುಡಿ ಅನ್ಕೊಂಡ್ರಾ? ಮತ್ತ ತೆಂಗಿನಕಾಯಿ ಯಾಕ ಬಿಟ್ರಿ? ಸ್ಪಿರಿಟ್ ಹಾಕಿದ ಮ್ಯಾಲ ಹಚ್ಚಿದ್ರ ನಾವೆಲ್ಲಾ ಇವತ್ತೇ ಕೈಲಾಸಕ್ಕ!"

ಯಾರೂ ನಗಲಿಲ್ಲ. ಗುರುದೇವಿ ಸ್ಟೂಲಿನ ಮೇಲೆ ಕೂತಳು. ಅವಳು ಬೈದಿದ್ದರೆ ಸಿದ್ದರಾಮಪ್ಪನಿಗೆ ಹಗುರವಾಗುತ್ತಿತ್ತು.

"ಬಿಚ್ಚಿ ತೊಳೆಯೋಣೇನು?" ಎಂದ.

"ಅಷ್ಟೊತ್ತಿಗೆ ಐಸ್ ಹೋಗ್ತೈತಿ." ಅವಳು ಮಂಜನ್ನು ನೋಡುತ್ತಲೇ ಇದ್ದಳು. ನಿಧಾನಕ್ಕೆ ಅವಳ ಮುಖ ಬದಲಾಯಿತು. "ಇರು. ಹೊಗಿಯ ಒಂದೊಂದು ಕಣದ ಮ್ಯಾಲ ಸ್ಪಿರಿಟ್ ಕೂಡ್ತೈತಿ. ಭಾರ ಆಗಿ ಕೆಳಗ ಬೀಳ್ತೈತಿ. ನೋಡು, ಬೀಳಾಕತ್ತೈತಿ. ಎಲ್ಲಾ ಬಿದ್ದು ಮುಗಿದ್ರ ತಾನs ತಿಳಿ ಆಗ್ತೈತಿ. ಮುಟ್ಟಬಾರದು ಅಷ್ಟ."

"ಎಷ್ಟೊತ್ತು?"

"ಗೊತ್ತಿಲ್ಲ. ಅಲ್ಲೀತನಕ ಐಸ್ ಇರಬೇಕು."

ಸತ್ಯಭಾಮಾ ಕೋಲು ಗೋಡೆಗೆ ಆನಿಸಿ ಎರಡು ಗೋಣಿಚೀಲ ತಂದು ಮಂಜುಗಡ್ಡೆಯ ಸುತ್ತ ಬಿಗಿದಳು. ಫ್ಯಾನು ನಿಲ್ಲಿಸಿದಳು.

ಹನ್ನೊಂದಕ್ಕೆ ಸರಿಯಾಗಿ ಪರೀಕ್ಷಕರು ಬಂದರು. ತೆಳ್ಳಗಿನ, ನಗದ ಮನುಷ್ಯ. ಪೆಟ್ಟಿಗೆಯೊಳಗೆ ಬಗ್ಗಿ ನೋಡಿ ತೆಲುಗಿನಲ್ಲಿ ಕೇಳಿದರು: "ಏನಮ್ಮಾ ಇದು? ಮಂಜು ಮಾತ್ರ ಕಾಣುತ್ತಿದೆಯಲ್ಲ?"

ಸಿದ್ದರಾಮಪ್ಪ ಮುಂದೆ ಬಂದು ಮುರುಕು ತೆಲುಗಿನಲ್ಲಿ ತನ್ನದೇ ತಪ್ಪು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಗುರುದೇವಿ ಹೇಳಿಯೇಬಿಟ್ಟಳು: "ಕರ್ಪೂರದ ಹೊಗೆ ಸರ್. ಒಳಗೆ ಆರತಿ ಆಗಿದೆ."

ಪರೀಕ್ಷಕರು ವಿಭೂತಿಯ ಗೆರೆ ನೋಡಿದರು, ಅವನ ಹಣೆ ನೋಡಿದರು. "ಸರಿ. ಇದು ತಿಳಿಯಾಗಲು ಎಷ್ಟು ಹೊತ್ತು ಬೇಕು? ಅಂದಾಜು ಬೇಡ, ಲೆಕ್ಕ ಮಾಡಿ ತೋರಿಸು."

ಅವಳು ಬೋರ್ಡಿನ ಮುಂದೆ ನಿಂತಳು. ಸೀಮೆಸುಣ್ಣ ಓಡಿತು. ಹನಿಯ ಗಾತ್ರ, ಅದು ಬೀಳುವ ವೇಗ, ಪೆಟ್ಟಿಗೆಯ ಎತ್ತರ. ಸಿದ್ದರಾಮಪ್ಪನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಕೈ ತಡವರಿಸದೆ ನಡೆಯುವುದು ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು. ಕೊನೆಯಲ್ಲಿ ಅವಳು "ಇನ್ನು ಇಪ್ಪತ್ತು ನಿಮಿಷ" ಎಂದು ಬರೆದು ಅಡಿಗೆರೆ ಎಳೆದಳು.

ಪರೀಕ್ಷಕರು ಕೈಗಡಿಯಾರ ನೋಡಿಕೊಂಡು ಪರೀಕ್ಷೆಗೆ ಕಾದಿದ್ದ ಪಕ್ಕದ ಮೇಜಿನ ಹುಡುಗನ ಹತ್ತಿರ ಹೋದರು.

ಆ ಇಪ್ಪತ್ತು ನಿಮಿಷ ಸಿದ್ದರಾಮಪ್ಪ ಒಳಗೊಳಗೇ ಶಿವನಾಮ ಹೇಳುತ್ತ ನಿಂತ. ಮಂಜು ಇಳಿಯಿತು. ಮೊದಲು ಮೇಲಿನ ಅಂಚು ತಿಳಿಯಾಯಿತು, ಆಮೇಲೆ ನಡು. ಕಪ್ಪು ತಟ್ಟೆ ಕಾಣಿಸಿತು. ಏನೂ ಇಲ್ಲ. ಮತ್ತೆ ನೋಡಿದರೂ ಏನೂ ಇಲ್ಲ.

ಆಗ ಒಂದು ಗೆರೆ ಬಂತು.

ನೂಲಿನಂಥ ಬಿಳಿ ಗೆರೆ, ಗೇಣುದ್ದ, ತಪ್ಪಿಲ್ಲದಷ್ಟು ನೆಟ್ಟಗೆ. ಯಾರೋ ಎಳೆದ ಹಾಗೆ ಮೂಡಿ, ಉಸಿರೆಳೆಯುವಷ್ಟರಲ್ಲಿ ಕರಗಿತು. ಬೇರೆ ಮೂಲೆಯಲ್ಲಿ ಇನ್ನೊಂದು. ಎರಡು ಒಟ್ಟಿಗೆ. ಮೂವತ್ತೊಂದು ವರ್ಷ ಮಿಲಿಮೀಟರಿನ ನೂರನೆಯ ಭಾಗ ಅಳೆದ ಕಣ್ಣು ಅವನದು. ಅಷ್ಟು ನೆಟ್ಟಗಿನ ಗೆರೆಯನ್ನು ಯಾವ ಯಂತ್ರದಲ್ಲೂ ಕಂಡಿರಲಿಲ್ಲ.

"ಎಲ್ಲಿಂದ ಬರ್ತಾವವ್ವ?"

"ಒಂಬತ್ತು ಮೈಲಿ ಮ್ಯಾಲ ಹುಟ್ಟತಾವು. ಛಾವಣಿ ತೂರಿ ಬರ್ತಾವು. ನಿನ್ನ ಅಂಗೈಯಾಗೂ ಈಗ ಸೆಕೆಂಡಿಗೆ ಒಂದು ಹೊಂಟೈತಿ."

ಅವನು ಅಂಗೈ ತಿರುಗಿಸಿ ನೋಡಿಕೊಂಡ.

"ಇವುಗಳ ಆಯುಷ್ಯ ಭಾಳ ಕಡಿಮಿಪ್ಪ. ಸೆಕೆಂಡನ್ನ ಹತ್ತು ಲಕ್ಷ ಚೂರು ಮಾಡಿದ್ರ ಅದರಾಗ ಎರಡು ಚೂರು. ಅರ್ಧ ಮೈಲಿ ಬರೂದ್ರಾಗ ಮುಗೀಬೇಕು. ಆದ್ರ ಬೆಳಕಿನಷ್ಟು ಜೋರು ಓಡೋದ್ರಿಂದ ಅವುಕ್ಕ ಹೊತ್ತು ಸಾವಕಾಶ ಹೋಗ್ತೈತಿ. ಇಲ್ಲೀತನಕ ಬಂದು ಮುಟ್ಟತಾವು."

"ಇಲ್ಲಿಗೇ ನಿಲ್ತಾವೇನು?"

"ಇಲ್ಲ. ನೆಲದಾಗೂ ಹೋಗ್ತಾವು. ಹತ್ತಾಳು ಆಳಕ್ಕೂ ಹೋಗ್ತಾವು."

ಅಂಬವ್ವನನ್ನು ಕೂಡಿಸಿ ಮಣ್ಣು ಕೊಟ್ಟ ಗುಂಡಿ ಒಂದಾಳು ಆಳವಿತ್ತು. ಮತ್ತೊಂದು ಗೆರೆ ನೆಲದ ಕಡೆಗೆ ಇಳಿದದ್ದನ್ನು ಸಿದ್ದರಾಮಪ್ಪನ ಕಣ್ಣು ಹಿಂಬಾಲಿಸಿತು.

ಪರೀಕ್ಷಕರು ತಿರುಗಿ ಬಂದಾಗ, ಮೊದಲ ಗೆರೆ ಮೂರು ನಿಮಿಷ ತಡವಾಗಿ ಬಂತೆಂದು ಅವಳು ಬೋರ್ಡಿನಲ್ಲಿ ಬರೆದಿಟ್ಟಿದ್ದಳು. ಮಂಜುಗಡ್ಡೆ ಹೆಬ್ಬೆರಳ ದಪ್ಪ ಉಳಿದಿತ್ತು. ಅವರು ಬಗ್ಗಿ ನೋಡಿದರು. ಒಂದು ಗೆರೆ ನೋಡಿದರೆ ಸಾಕಿತ್ತು; ಏಳೆಂಟು ಗೆರೆ ಬಂದು ಹೋಗುವ ತನಕ ಹಾಗೇ ಬಗ್ಗಿದ್ದರು. ನೆಟ್ಟಗಾಗಿ, ಪುಸ್ತಕದಲ್ಲಿ ಬರೆದು, ರುಜು ಹಾಕಿದರು. "ಮೂರು ನಿಮಿಷ ಯಾಕೆ ತಪ್ಪಿತು ಅಂತ ಮುಂದೆ ಸಂಶೋಧನೆಗೆ ಹೋದಾಗ ಯೋಚನೆ ಮಾಡು," ಎಂದು ಅವಳಿಗೆ ಹೇಳಿ ಹೊರಟುಹೋದರು.

"ಪಾಸಾ?" ಎಂದಳು ಸತ್ಯಭಾಮಾ.

ಗುರುದೇವಿ ಹೌದೆಂದು ತಲೆಯಾಡಿಸಿದಳು.

ಹೊರಗೆ ಮೇ ತಿಂಗಳ ನೆತ್ತಿಬಿಸಿಲು. ಬಸ್ ಸ್ಟಾಪಿನ ನೆರಳಿಗೆ ನಾಲ್ಕು ಹೆಜ್ಜೆ ಇರುವಾಗ ಸಿದ್ದರಾಮಪ್ಪ ನಿಂತ. ತಲೆಯ ಮೇಲಿನ ಬಿಳಿ ಟೊಪ್ಪಿಗೆ ತೆಗೆದು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದುಕೊಂಡ.

"ಅಪ್ಪಾ, ಬಿಸಿಲು ಭಾಳ ಐತಿ. ಟೊಪಗಿ ಹಾಕ್ಕೊ."

"ಒಂದೀಟು ತಡಿಯವ್ವ," ಎಂದ.

ಬಾಲಾನಗರದ ಬಸ್ಸು ಬಂದು ನಿಂತಿತು, ಹೋಯಿತು. ಅವನು ಆಕಾಶಕ್ಕೆ ಬರಿತಲೆ ಒಡ್ಡಿ ಹಾಗೇ ನಿಂತಿದ್ದ. ಗುರುದೇವಿ ನೆರಳಿನಿಂದ ಹೊರಬಂದು ಅವನ ಪಕ್ಕದಲ್ಲಿ ನಿಂತಳು.