ಐದನೆಯ ಭಾಷೆ

ಹಲ್ಲುಜ್ಜಿ ಮುಗಿಯುವ ಮೊದಲೇ ಅವನು ಹಂಗೇರಿಯನ್ ಭಾಷೆಯನ್ನು ತಿರಸ್ಕರಿಸಿಬಿಟ್ಟ. ಉಳಿದವು ಜಪಾನಿ ಮತ್ತು ಪೋರ್ಚುಗೀಸ್. ಬಾಯಿ ತುಂಬ ನೊರೆ ಇಟ್ಟುಕೊಂಡು ಒಂದು ಇಡೀ ದೇಶದ ಮಾತನ್ನು ಬೇಡವೆನ್ನುವುದರಲ್ಲಿ ಏನೋ ಗತ್ತಿತ್ತು. ಆ ಗತ್ತನ್ನು ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು ಉಗಿದ.

ಅವನಿಗೆ ಆಗಲೇ ನಾಲ್ಕು ಪರಭಾಷೆಗಳು ಬರುತ್ತಿದ್ದವು. ಜರ್ಮನ್, ಫ್ರೆಂಚ್, ಇಟಾಲಿಯನ್, ರಷ್ಯನ್. ಬರುತ್ತವೆ ಎಂದರೆ ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ, ಅದು ಅವನ ಪುಣ್ಯ. ಯಂತ್ರಗಳ ಜೊತೆ ಪೆಟ್ಟಿಗೆಯೊಳಗೆ ಬರುತ್ತದಲ್ಲ, ಬಳಕೆಯ ಕೈಪಿಡಿ, ಅದನ್ನು ಅನುವಾದಿಸುವ ಕಚೇರಿಯಲ್ಲಿ ಅವನಿಗೆ ಕೆಲಸ. ಬಟ್ಟೆ ಒಗೆಯುವ ಯಂತ್ರ, ಹಿಟ್ಟು ನಾದುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರ. ಮಕ್ಕಳ ಕೈಗೆ ಸಿಗದಂತೆ ಇಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ, ಶಬ್ದ ಬಂದರೆ ಕೂಡಲೇ ನಿಲ್ಲಿಸಿ ಎಂದು ಅವನು ನಾಲ್ಕು ಭಾಷೆಗಳಲ್ಲಿ ಹೇಳಬಲ್ಲ. ಆ ದೇಶಗಳ ಯಾವ ರೈಲು ನಿಲ್ದಾಣದಲ್ಲಿ ಇಳಿಸಿದರೂ ಒಂದು ಲೋಟ ನೀರು ಕೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ, ಆದರೆ ಇಡೀ ಊರಿಗೆ ಎಚ್ಚರಿಕೆ ಕೊಟ್ಟು ಮುಗಿಸುತ್ತಿದ್ದ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ.

ಹೆಂಡತಿಯ ತವರಿನಲ್ಲಿ ಅವನನ್ನು ‘ನಿಘಂಟು’ ಎಂದು ಕರೆಯುತ್ತಿದ್ದರು. ಮಾವನವರು ಇಟ್ಟ ಹೆಸರು. ಹೊಗಳಿಕೆಯೆಂದು ತಿಳಿದು ಮೊದಮೊದಲು ಬೀಗಿದ. ನಿಘಂಟನ್ನು ಯಾರೂ ಕೂತು ಓದುವುದಿಲ್ಲ, ಅನುಮಾನ ಬಂದಾಗ ತೆರೆದು ಪಟ್ಟನೆ ಮುಚ್ಚಿಡುತ್ತಾರೆ ಎಂಬುದು ಹೊಳೆದದ್ದು ಬಹಳ ತಡವಾಗಿ.

ಅಡುಗೆಮನೆಯಲ್ಲಿ ಹೆಂಡತಿ ನಿಂತುಕೊಂಡೇ ತಿಂಡಿ ತಿನ್ನುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಲಕ್ವ ಹೊಡೆದವರ, ಮೂಳೆ ಮುರಿದವರ ಕೈಕಾಲು ಹಿಡಿದು ಎತ್ತಿ, ಇಳಿಸಿ, ಇನ್ನೊಮ್ಮೆ ಎನ್ನುವುದು ದಿನವಿಡೀ ಅವಳ ಕೆಲಸ. ಕಿರುಬೆರಳು ಅಲುಗಿದರೂ ಭೇಷ್ ಅನ್ನುತ್ತಾಳಂತೆ. ಅವನು ಅದನ್ನು ಕೇಳಿರಲಿಲ್ಲ. ಅವನ ಬೆರಳುಗಳೆಲ್ಲ ಸರಿಯಾಗಿಯೇ ಅಲುಗುತ್ತಿದ್ದವು.

ಐದನೆಯ ಭಾಷೆಗೆ ಇವತ್ತು ಸೇರಿಕೊಳ್ಳಬೇಕು ಎಂದು ಅವಳಿಗೆ ಹೇಳಿದ. ಕಚೇರಿಯೇ ಶುಲ್ಕ ಕಟ್ಟುತ್ತದೆ, ಸಂಜೆ ಭಾಷಾ ಸಂಸ್ಥೆಗೆ ಹೋಗಿಬರುವುದಷ್ಟೇ ತನ್ನ ಪಾಲಿನ ಕೆಲಸ ಎಂದ. ಆಮೇಲೆ ಎರಡೂ ಕಡೆಯ ವಕೀಲ ತಾನೇ ಆಗಿ ವಾದಿಸಿದ. ಜಪಾನಿ ಕಲಿತರೆ ಮೆದುಳಿಗೆ ಕಸರತ್ತು. ಪೋರ್ಚುಗೀಸ್ ಕಲಿತರೆ ಒಂದಕ್ಕಿಂತ ಹೆಚ್ಚು ಖಂಡ ಕೈಗೆ ಬಂದಂತೆ. ಆ ಖಂಡಗಳಲ್ಲಿ ಯಾರ ಜೊತೆ ಏನು ಮಾತಾಡಬೇಕೆಂದಿದ್ದಾನೆ ಎಂಬ ಪ್ರಶ್ನೆ ಎರಡೂ ಕಡೆಯವರಿಗೆ ಹೊಳೆಯಲಿಲ್ಲ. ಹೆಂಡತಿ ಲೋಟ ತೊಳೆದು ಬೋರಲು ಹಾಕಿದಳು.

“ನಿನಗೆ ಯಾವುದು ಸರಿ ಅನ್ಸತ್ತೆ?”

“ನನಗೇನು ಗೊತ್ತಾಗತ್ತೆ. ನಿಮಗೆ ಅನ್ಸಿದ್ದು.”

“ಸುಮ್ನೆ ಒಂದು ಹೇಳು.”

“ಹೇಳಿದ್ರೆ ಅದ್ಯಾಕೆ ಅಂತೀರ.”

ನಿಜ, ಅದ್ಯಾಕೆ ಎನ್ನುತ್ತಿದ್ದ. ಪ್ರಶ್ನೆ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಕೂತಿತ್ತು. ಅವಳು ನೀಲಿ ಶಾಲು ಹೊದ್ದು, ಸಂಜೆ ತಡವಾಗತ್ತೆ, ಊಟ ಮುಚ್ಚಿಟ್ಟಿರ್ತೀನಿ ಎಂದು ಹೇಳಿ ಹೊರಟಳು. ವಾರದಲ್ಲಿ ಕೆಲವು ಸಂಜೆ ಅವಳಿಗೆ ಹೀಗೆ ತಡವಾಗುತ್ತಿತ್ತು. ಆಸ್ಪತ್ರೆಯಲ್ಲಿ ಕೆಲಸ ಜಾಸ್ತಿ ಎಂದು ಅವನು ಅಂದುಕೊಂಡಿದ್ದ. ಅವಳು ಹಾಗೆಂದು ಹೇಳಿರಲಿಲ್ಲ.

ಮನೆಯಲ್ಲಿ ಮಾತು ಸವೆದುಹೋಗಿತ್ತು. ಹೂಂ, ಆಯ್ತು, ಇಟ್ಟಿದೀನಿ, ಬರ್ತೀನಿ. ಇಷ್ಟು ಮಾತಿನಲ್ಲಿ ಒಂದು ಇಸ್ತ್ರಿಪೆಟ್ಟಿಗೆಯ ಕೈಪಿಡಿಯನ್ನೂ ಬರೆಯಲಾಗದು. ಓದಲು ಅನುಕೂಲವಾಯಿತು ಎಂದು ಮೊದಲು ಅವನಿಗೆ ಖುಷಿಯೇ ಆಗಿತ್ತು. ಈಚೆಗೆ ಮಾತ್ರ ಹೆದರಿಕೆ. ಮೊನ್ನೆ ಬಚ್ಚಲುಮನೆಯಲ್ಲಿ ಅವಳು ತನ್ನಷ್ಟಕ್ಕೆ ಏನೋ ಗೊಣಗಿಕೊಂಡು ನಕ್ಕಿದ್ದಳು. ಹೊರಗೆ ಬಂದಾಗ ಏನು ಎಂದು ಕೇಳಿದ್ದಕ್ಕೆ ಏನಿಲ್ಲ ಎಂದಳು.

ಆ ಏನಿಲ್ಲ ಹೊಸದಲ್ಲ. ಕೆಲವು ತಿಂಗಳ ಹಿಂದೆ ಒಂದು ಸಂಜೆ ಅವಳು ಮುಖ ಅರಳಿಸಿಕೊಂಡು ಬಂದಿದ್ದಳು. ಆಸ್ಪತ್ರೆಯಲ್ಲಿ ಒಬ್ಬ ಮುದುಕ ದರ್ಜಿ ಇದ್ದನಂತೆ, ಬಲಭಾಗಕ್ಕೆ ಲಕ್ವ ಹೊಡೆದು ಕೈ ಮರದ ಕೊರಡಿನಂತಾಗಿತ್ತಂತೆ, ಅವತ್ತು ಇದ್ದಕ್ಕಿದ್ದಂತೆ ಆ ಕೈ ಮೇಲೆದ್ದಿತಂತೆ. ಅವಳು ತನ್ನ ಎಡಗೈಯಿಂದ ಬಲಗೈಯನ್ನು ಹಿಡಿದು ಮೆಲ್ಲಗೆ ಎತ್ತಿ ತೋರಿಸುತ್ತಿದ್ದಳು. ಎತ್ತಿದವನೇ ನನ್ನ ಕಡೆ ತಿರುಗಿ, ಎಂದು ಅವಳು ಅನ್ನುವಷ್ಟರಲ್ಲಿ ಇವನು ನಡುವೆ ಬಾಯಿ ಹಾಕಿದ. ಬಲಗೈ ಬಿದ್ದಿದ್ದರೆ ಪೆಟ್ಟಾದದ್ದು ಎಡಭಾಗಕ್ಕೆ, ಮೆದುಳಿನ ಎಡಭಾಗಕ್ಕೆ, ಬಲಭಾಗಕ್ಕೆ ಎನ್ನುವುದು ತಪ್ಪು ಎಂದು ತಿದ್ದಿದ. ಲಕ್ವದ ವಿಷಯ ಫಿಸಿಯೋಥೆರಪಿಸ್ಟ್‌ಗೆ, ಅದೂ ಸ್ವಂತ ಹೆಂಡತಿಗೆ. ಅವಳ ಕೈ ಅರ್ಧದಲ್ಲೇ ನಿಂತಿತು, ಆಮೇಲೆ ಕೆಳಗಿಳಿಯಿತು. ಹೂಂ ಎಂದು ಒಳಗೆ ಹೋದಳು. ಊಟದ ಹೊತ್ತಿಗೆ, ದರ್ಜಿ ತಿರುಗಿ ಏನು ಮಾಡಿದ ಎಂದು ಕೇಳಿದಾಗ, ಏನಿಲ್ಲ ಎಂದಳು.

ಅವಳು ಕೈತಪ್ಪಿ ಹೋಗುತ್ತಿದ್ದಾಳೆ ಎಂದು ಅವನಿಗೆ ಅನ್ನಿಸುತ್ತಿತ್ತು. ಅವಳು ಅವನಿಗೆ ಬೇಕಾಗಿದ್ದಳು, ಬಹಳವೇ ಬೇಕಾಗಿದ್ದಳು. ಇದನ್ನು ಹೇಳುವ ವಾಕ್ಯ ಅವನು ಅನುವಾದಿಸಿದ ಯಾವ ಯಂತ್ರಕ್ಕೂ ಅಗತ್ಯ ಬಿದ್ದಿರಲಿಲ್ಲ. ಹಾಗಾಗಿ ಅವನು ಇನ್ನೊಂದು ಭಾಷೆ ಕಲಿಯಲು ಹೊರಟಿದ್ದ.

ಕಚೇರಿಯಲ್ಲಿ ಅವನ ಪಕ್ಕದ ಮೇಜು ಕರಡು ತಿದ್ದುವ ಹೆಂಗಸಿನದು. ನಿವೃತ್ತಿಗೆ ಹತ್ತಿರವಿದ್ದ ಆಕೆ ಕನ್ನಡಕ ಮೂಗಿನ ತುದಿಗಿಳಿಸಿ ಅವನ ಎರಡೂ ವಾದಗಳನ್ನು ಕೇಳಿಸಿಕೊಂಡರು.

“ಯಾರ ಜೊತೆ ಮಾತಾಡೋಕಪ್ಪ?”

“ಮಾತಾಡೋಕಲ್ಲ ಮೇಡಂ. ಕಲಿಯೋಕೆ.”

“ಕಲಿತ ಮೇಲೆ?”

“ಆರನೇದು.”

ಆಕೆ ನಗಲಿಲ್ಲ. ನಗುತ್ತಾರೆ ಎಂದುಕೊಂಡೇ ಹೇಳಿದ್ದ. ಬಚಾವಾಗಲು ಅವನು ತಾನೇ ನಕ್ಕ, ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಮಧ್ಯಾಹ್ನ ಮೇಲಧಿಕಾರಿ ಕರೆಸಿದರು. ಹಾಲು ಕರೆಯುವ ಯಂತ್ರ ಮಾಡುವ ಒಂದು ಹಂಗೇರಿಯ ಕಂಪನಿ ಕೆಲಸ ಕೊಡಲು ಒಪ್ಪಿತ್ತು. ಅವನು ಜಪಾನಿಯ ಶಿಸ್ತನ್ನೂ ಪೋರ್ಚುಗೀಸಿನ ವಿಸ್ತಾರವನ್ನೂ ಅವರ ಮುಂದಿಟ್ಟ. ಹಂಗೇರಿಯನ್ ಅಕ್ಕಪಕ್ಕದ ಯಾವ ಭಾಷೆಯ ನೆಂಟನೂ ಅಲ್ಲ, ತನ್ನ ನಾಲ್ಕೂ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಒಂದನೇ ತರಗತಿಯ ಹುಡುಗನ ಹಾಗೆ ಮೊದಲಿನಿಂದ ತೊದಲಬೇಕಾಗುತ್ತದೆ ಎಂದ. ಬೆಳಿಗ್ಗೆ ಅದನ್ನು ತಿರಸ್ಕರಿಸಿದ ನಿಜವಾದ ಕಾರಣ ಹೀಗೆ ಬಾಯಿ ತಪ್ಪಿ ಹೊರಬಂತು. ತಪ್ಪು ಮಾತಾಡುವವರ ಸಾಲಿನಲ್ಲಿ ತಾನು ಕೂರುವುದನ್ನು ಅವನಿಗೆ ಊಹಿಸಲೂ ಆಗುತ್ತಿರಲಿಲ್ಲ.

“ಯಂತ್ರ ಹಂಗೇರಿಯದು ಕಣ್ರೀ,” ಎಂದರು ಮೇಲಧಿಕಾರಿ. “ಜಪಾನಿ ಕಲಿತು ಹಸು ಮುಂದೆ ನಿಂತು ಏನು ಹೇಳ್ತೀರ?”

ಇವತ್ತೇ ಸೇರಿಬನ್ನಿ, ಇಲ್ಲದಿದ್ದರೆ ಕೆಲಸ ಬೇರೆ ಕಚೇರಿಗೆ ಹೋಗುತ್ತದೆ ಎಂದರು. ಬೆಳಿಗ್ಗೆ ಉಗಿದದ್ದನ್ನು ಮಧ್ಯಾಹ್ನ ನುಂಗಬೇಕಾಯಿತು. ಆಗಲಿ ಸಾರ್ ಎಂದ. ಈ ಎರಡು ಪದಗಳನ್ನು ಮಾತ್ರ ಅವನು ಯಾವಾಗಲೂ ತಪ್ಪಿಲ್ಲದೆ ಹೇಳುತ್ತಿದ್ದ.

ಭಾಷಾ ಸಂಸ್ಥೆ ಒಂದು ಪಾದರಕ್ಷೆ ಅಂಗಡಿಯ ಮೇಲಿತ್ತು. ಮೆಟ್ಟಿಲ ತುಂಬ ಹೊಸ ಚರ್ಮದ ವಾಸನೆ. ಮೇಲೆ ಉದ್ದದ ಓಣಿ, ಎರಡೂ ಬದಿಗೆ ಗಾಜಿನ ಗೋಡೆಯ ಕೋಣೆಗಳು. ಒಂದು ತರಗತಿಯ ಉಚ್ಚಾರ ಇನ್ನೊಂದಕ್ಕೆ ಅಂಟದಿರಲೆಂದು ದಪ್ಪ ಗಾಜು ಹಾಕಿಸಿದ್ದರು. ಒಳಗಿನವರ ಬಾಯಿ ಆಡುವುದು ಕಾಣುತ್ತಿತ್ತೇ ಹೊರತು ಒಂದಕ್ಷರವೂ ಕೇಳುತ್ತಿರಲಿಲ್ಲ.

ಮೇಜಿನ ಹಿಂದಿದ್ದ ಹುಡುಗಿ ಹಂಗೇರಿಯನ್ ಎಂದು ಬರೆದುಕೊಂಡು ಸಂಸ್ಥೆಯ ಒಂದು ಪದ್ಧತಿಯನ್ನು ವಿವರಿಸಿದಳು. ಮಾದರಿ ಪಾಠ ಕೇಳದೆ ಇಲ್ಲಿ ಯಾರನ್ನೂ ಯಾವ ಭಾಷೆಗೂ ಸೇರಿಸಿಕೊಳ್ಳುವುದಿಲ್ಲ. ಓಣಿಯ ಕೊನೆಯಲ್ಲಿ ಒಬ್ಬರು ಕೂರುವಷ್ಟು ಒಂದು ಗಾಜಿನ ಗೂಡು. ಅಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಒಂದು ಧ್ವನಿ ಮೊದಲು ನಮ್ಮ ಮಾತಿನಲ್ಲಿ, ಆಮೇಲೆ ಕಲಿಯಬೇಕಾದ ಮಾತಿನಲ್ಲಿ ಪ್ರಶ್ನೆ ಕೇಳುತ್ತದೆ, ಉತ್ತರಕ್ಕೆ ಸ್ವಲ್ಪ ಹೊತ್ತು ಬಿಡುತ್ತದೆ, ಏನು ಹೇಳಿದರೂ ಭೇಷ್ ಎನ್ನುತ್ತದೆ.

“ತಪ್ಪು ಹೇಳಿದ್ರೂನಾ?”

“ಅದಕ್ಕೆ ಕೇಳ್ಸಲ್ವಲ್ಲ ಸಾರ್. ಸುಮ್ನೆ ಧೈರ್ಯಕ್ಕೆ.”

ನಾಲ್ಕು ಭಾಷೆ ಬಲ್ಲವನಿಗೆ ಇದೆಲ್ಲ ಬೇಕಿಲ್ಲ ಎಂದು ಹೇಳಲು ಅವಳ ಹಿಂದೆಯೇ ಗೂಡಿನವರೆಗೆ ಹೋದವನು ಎದುರಿನ ಕೋಣೆಯನ್ನು ನೋಡಿ ನಿಂತುಬಿಟ್ಟ. ಕುರ್ಚಿಗಳನ್ನು ಅರ್ಧ ವೃತ್ತದಲ್ಲಿ ಹಾಕಿಕೊಂಡು ಕೆಲವರು ಕೂತಿದ್ದರು. ಕೊನೆಯ ಕುರ್ಚಿಯ ಬೆನ್ನಿಗೆ ನೀಲಿ ಶಾಲು. ಅದರ ಮುಂದೆ ಕೂತು ಪಕ್ಕದವರ ಪುಸ್ತಕದಲ್ಲಿ ಏನನ್ನೋ ತೋರಿಸಿ ನಗುತ್ತಿದ್ದವಳು ಅವನ ಹೆಂಡತಿ.

“ಅದು ಯಾವ ತರಗತಿ?” ಎಂದು ಕೇಳಿದ.

“ನಿಮ್ಮದೇ. ಹಂಗೇರಿಯನ್. ಇರೋದು ಅದೊಂದೇ ತರಗತಿ, ಸೋಮವಾರದಿಂದ ನೀವೂ ಅಲ್ಲೇ.”

“ಆ ನೀಲಿ ಶಾಲಿನವರು?”

ಹುಡುಗಿಗೆ ಅವರೆಂದರೆ ಇಷ್ಟ ಎನ್ನುವುದು ಮುಖದಲ್ಲೇ ತಿಳಿಯಿತು. ತರಗತಿಯಲ್ಲೆಲ್ಲ ಹೆಚ್ಚು ತಪ್ಪು ಮಾಡುವವರು ಅವರೇ, ಹೆಚ್ಚು ಮಾತಾಡುವವರೂ ಅವರೇ ಎಂದಳು.

“ಬಂದವರೇ ನಾಲ್ಕು ಭಾಷೆ ಹೆಸರು ಹೇಳಿದ್ರು. ಇವು ನಮ್ಮ ಯಜಮಾನರಿಗೆ ಬರತ್ತೆ, ಇವುಗಳ ನೆಂಟಸ್ತಿಕೆಯೂ ಇಲ್ಲದ್ದು ಯಾವುದಿದೆ ಕೊಡಮ್ಮ ಅಂದ್ರು.”

ಒಂದು ಕ್ಷಣ, ಒಂದೇ ಕ್ಷಣ, ಅವನಿಗೆ ಹೆಮ್ಮೆಯಾಯಿತು. ಮನೆಯ ಭಾಷೆಗಳ ಗಂಟಿಗೆ ಐದನೆಯದನ್ನು ಸೇರಿಸಲು ಅವಳೂ ಹೊರಟಿದ್ದಾಳೆ ಎಂದುಕೊಂಡ.

“ಅವರಿಗೆ ಬಂದ್ರೆ ತಿದ್ದುತಾರಂತೆ,” ಎಂದು ಹುಡುಗಿ ಮುಗಿಸಿದಳು. “ದೊಡ್ಡ ಪಂಡಿತರಂತೆ ಪಾಪ.”

ಪಾಪ ಯಾರು ಎಂದು ಅವನು ಕೇಳಲಿಲ್ಲ. ಹೌದಾ ಎಂದಷ್ಟೇ ಹೇಳಿ ಗೂಡಿನೊಳಗೆ ಹೋಗಿ ಕೂತು ಹೆಡ್‌ಫೋನ್ ಹಾಕಿಕೊಂಡ. ಹುಡುಗಿ ಗುಂಡಿ ಒತ್ತಿ, ಬಾಗಿಲು ಎಳೆದುಕೊಂಡು ಹೋದಳು.

ಮೂಗಿನ ಮುಂದೆ ಒಂದು ದೀಪ ಉರಿಯುತ್ತಿತ್ತು. ಅವಳು ತಲೆಯೆತ್ತಿದರೆ ತಾನು ಕಾಣುತ್ತೇನೆ ಎನ್ನಿಸಿ ಅದನ್ನು ಆರಿಸಿದ. ಸೋಮವಾರದಿಂದ ಅಲ್ಲಿ ಹೋಗಿ ಕೂತರೆ ಏನಾಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೆಲವೇ ವಾರಗಳಲ್ಲಿ ಅವನು ಅವಳನ್ನು ಹಿಂದೆ ಹಾಕುತ್ತಾನೆ. ತಿದ್ದುವುದಿಲ್ಲ ಎಂದು ಆಣೆ ಮಾಡಿಕೊಂಡು, ತುಟಿ ಬಿಗಿ ಹಿಡಿದು, ಹುಬ್ಬಿನಲ್ಲಿ ತಿದ್ದುತ್ತಾನೆ. ಆ ಕೋಣೆಯಲ್ಲೂ ಹೂಂ, ಆಯ್ತು ಶುರುವಾಗುತ್ತದೆ. ಕೂರದೆ ಹೋದರೆ ಕಚೇರಿಯಲ್ಲಿ ಅವನ ಹೆಸರು ಕೆಡುತ್ತದೆ, ಮತ್ತು ಅವಳು ಏನು ಮಾತಾಡುತ್ತಾಳೆ ಎನ್ನುವುದು ಅವನಿಗೆ ಎಂದಿಗೂ ತಿಳಿಯುವುದಿಲ್ಲ.

ಕಿವಿಯಲ್ಲಿ ಒಬ್ಬ ಹೆಂಗಸು ಅವನ ಕ್ಷೇಮ ವಿಚಾರಿಸಿದಳು. ಹೇಗಿದ್ದೀರಿ. ಆಮೇಲೆ ಅದನ್ನೇ ಹಂಗೇರಿಯನ್‌ನಲ್ಲಿ ಕೇಳಿದಳು. ಅವನು ಬಾಯಿ ತೆರೆಯಲಿಲ್ಲ. ಉತ್ತರದ ಜಾಗ ಖಾಲಿಯಾಗಿ ದಾಟಿಹೋಯಿತು.

“ಭೇಷ್,” ಎಂದಳು.

ಎದುರು ಕೋಣೆಯಲ್ಲಿ ಹೆಂಡತಿ ಎದ್ದು ನಿಂತಳು. ಅವಳ ಸರದಿ ಬಂದಿರಬೇಕು. ಏನೋ ಹೇಳಲು ಶುರುಮಾಡಿದಳು, ತಡವರಿಸಿದಳು, ಮೇಲೆ ನೋಡಿದಳು, ಪದ ಸಿಗದೆ ಬೆರಳಲ್ಲಿ ಹೊಲಿಗೆ ಹಾಕಿ ತೋರಿಸಿದಳು. ಯಾರೋ ಪದ ಕೊಟ್ಟರು, ತಗೊಂಡು ಮುಂದುವರಿದಳು. ಆಮೇಲೆ ಎಡಗೈಯಿಂದ ತನ್ನ ಬಲಗೈಯನ್ನು ಹಿಡಿದು ಮೆಲ್ಲಗೆ ಎತ್ತತೊಡಗಿದಳು.

ದರ್ಜಿ. ಅವನು ಗಾಜಿಗೆ ಹಣೆ ತಾಗುವಷ್ಟು ಮುಂದೆ ಬಾಗಿದ. ಕೈ ಅರ್ಧಕ್ಕೆ ಬಂತು, ಈ ಸಲ ನಿಲ್ಲದೆ ಅದಕ್ಕಿಂತ ಮೇಲೆ ಹೋಯಿತು. ಅವಳು ಪಕ್ಕಕ್ಕೆ ತಿರುಗಿದಳು, ದರ್ಜಿ ಅವಳತ್ತ ತಿರುಗಿದ ಹಾಗೆ, ಮತ್ತು ಏನೋ ಒಂದು ಮಾತು ಹೇಳಿದಳು. ಸಣ್ಣ ಮಾತು. ಇಡೀ ತರಗತಿ ಒಮ್ಮೆಗೇ ನಕ್ಕಿತು. ಆ ತುದಿಯ ಕುರ್ಚಿಯಲ್ಲಿದ್ದ ಒಬ್ಬ ಹೆಂಗಸು ನಗುತ್ತಲೇ ಕಣ್ಣೊರೆಸಿಕೊಂಡಳು. ಅವನ ಹೆಂಡತಿ ನಿಂತಲ್ಲೇ ಕೆಂಪಾದಳು. ಅವಳು ಇಷ್ಟು ಚೆಂದ ಇದ್ದಾಳೆ ಎನ್ನುವುದನ್ನು ಅವನು ಮರೆತಿದ್ದ.

“ಮನೆಯಲ್ಲಿ ಯಾರಿದ್ದಾರೆ?” ಎಂದು ಕಿವಿಯಲ್ಲಿನ ಹೆಂಗಸು ಕೇಳಿದಳು. ಅದನ್ನೇ ಇನ್ನೊಮ್ಮೆ ಅವನಿಗೆ ಬರದ ಮಾತಿನಲ್ಲಿ ಕೇಳಿ ಕಾದಳು.

ದೀಪ ಆರಿದ ಗೂಡಿನ ಗಾಜಿನಲ್ಲಿ ಮಸುಕಾಗಿ ಅವನದೇ ಮುಖ, ಮುಖದ ನಡುವೆ ಹೆಂಡತಿ. ಅವನ ಬಾಯಿ ತೆರೆದುಕೊಂಡಿತು.

“ಆಮೇಲೆ?” ಎಂದ. “ಆಮೇಲೆ ಅವನು ಏನಂದ?”

ಅವಳು ಕೈ ಇಳಿಸಿ ಕೂತುಕೊಂಡು ನೀಲಿ ಶಾಲನ್ನು ಹೆಗಲಿಗೆ ಎಳೆದುಕೊಂಡಳು.

“ಭೇಷ್,” ಎಂದಿತು ಕಿವಿಯಲ್ಲಿನ ಧ್ವನಿ. “ಇನ್ನೊಮ್ಮೆ ಹೇಳಿ.”

ಅವನು ಇನ್ನೊಮ್ಮೆ ಹೇಳಿದ.